ಫೋರಂ ಸಾಫ್ಟ್‌ವೇರ್: ಫ್ರೀ ಸಾಕಾ, ದುಡ್ಡು ಕೊಟ್ಟೇ ತಗೋಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಹಳೇ ಫಿಲ್ಮ್ ಕ್ಯಾಮೆರಾ ಬಿಚ್ಚಿ ರಿಪೇರಿ ಮಾಡುವ ಹವ್ಯಾಸಿಗಳು ಸುಮಾರು 300 ಜನ ಇದ್ದೀರಿ. ಈಗ ಎಲ್ಲವೂ ವಾಟ್ಸಾಪ್‌ನಲ್ಲಿ ನಡೆಯುತ್ತಿದೆ. ಹೋದ ತಿಂಗಳು ಯಾರೋ ಬರೆದ ಒಳ್ಳೇ ಉತ್ತರ ಈ ತಿಂಗಳು ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ಸ್ವಂತ ಫೋರಂ ಬೇಕು. ನೀವು ಪ್ರೋಗ್ರಾಮರ್ ಅಲ್ಲ. ಪಿಎಚ್‌ಪಿಬಿಬಿ ಥರದ ಫ್ರೀ ಸಾಫ್ಟ್‌ವೇರ್ ಹಾಕುವುದಾ, ಇಲ್ಲಾ ಝೆನ್‌ಫೋರೊ ಲೈಸೆನ್ಸ್ ಕೊಳ್ಳುವುದಾ ಅಂತ ಕೇಳಿದ್ದೀರಿ.

ನಾನು ಹನ್ನೊಂದು ವರ್ಷ ಸೈಕಲ್ ರಿಪೇರಿಯ ಒಂದು ಫೋರಂ ನಡೆಸಿದ್ದೇನೆ. ಮೊದಲ ಏಳು ವರ್ಷ ಫ್ರೀ ಸಾಫ್ಟ್‌ವೇರ್‌ನಲ್ಲಿ, ಆಮೇಲಿನ ನಾಲ್ಕು ವರ್ಷ ದುಡ್ಡು ಕೊಟ್ಟು ಕೊಂಡದ್ದರಲ್ಲಿ. ಎರಡರಲ್ಲೂ ಏಟು ತಿಂದಿದ್ದೇನೆ. ಅದಕ್ಕೇ ಸುತ್ತಿಬಳಸದೆ ಹೇಳಿಬಿಡುತ್ತೇನೆ: ಲೈಸೆನ್ಸ್ ಕೊಂಡು, ನೀವೇ ಸರ್ವರ್ ಹಿಡಿದು, ನೀವೇ ಹಾಕಿಕೊಳ್ಳುವುದು ನಿಮ್ಮ ಪಾಲಿಗೆ ಇರುವುದರಲ್ಲೇ ಕೆಟ್ಟ ದಾರಿ. ದುಡ್ಡೂ ಹೋಗುತ್ತದೆ, ಕೆಲಸವೂ ತಪ್ಪುವುದಿಲ್ಲ. ದುಡ್ಡು ಕೊಡಲೇಬೇಕು ಅಂತಿದ್ದರೆ ಫೋರಂ ನೋಡಿಕೊಳ್ಳುವವರಿಗೆ ಕೊಡಿ.

ಮೊದಲು ಈ ‘ಫ್ರೀ’ ಅನ್ನುವ ಪದದ ಗೊಂದಲ ಬಿಡಿಸೋಣ. ನಮ್ಮಲ್ಲಿ ಉಚಿತ ಬೇರೆ, ಮುಕ್ತ ಬೇರೆ: ಉಚಿತ ಅಂದರೆ ದುಡ್ಡಿಲ್ಲದ್ದು, ಮುಕ್ತ ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟದ್ದು. ಪಿಎಚ್‌ಪಿಬಿಬಿ ಎರಡೂ ಹೌದು. 2000ದಲ್ಲಿ ಶುರುವಾದದ್ದು, ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್ ಇದೆ. ಅಂದರೆ ನಾಳೆ ಅದನ್ನು ಬರೆಯುವವರೆಲ್ಲ ಕೈಬಿಟ್ಟರೂ ಕೋಡ್ ನಿಮ್ಮ ಹತ್ತಿರ ಉಳಿಯುತ್ತದೆ, ಬೇರೆ ಯಾರಾದರೂ ಅದನ್ನು ಮುಂದುವರಿಸಬಹುದು. ಡಿಸ್ಕೋರ್ಸ್, ನೋಡ್‌ಬಿಬಿ, ಮೈಬಿಬಿ, ಫ್ಲಾರಮ್ ಎಲ್ಲವೂ ಇದೇ ಜಾತಿಯವು, ಲೈಸೆನ್ಸ್ ಮಾತ್ರ ಎಲ್ಲದಕ್ಕೂ ಒಂದೇ ಅಲ್ಲ. ಬರೀ ಉಚಿತವಾಗಿದ್ದು ಮುಕ್ತ ಅಲ್ಲದ್ದರ ಕಥೆ ಹೀಗಲ್ಲ. ಇನ್‌ವಿಷನ್ ಬೋರ್ಡ್ ಅನ್ನುವ ಫೋರಂ ಸಾಫ್ಟ್‌ವೇರ್ 2002ರಲ್ಲಿ ಬಂದಾಗ ದುಡ್ಡಿಲ್ಲದೆ ಸಿಗುತ್ತಿತ್ತು. ಕೆಲವೇ ವರ್ಷಗಳಲ್ಲಿ ದುಡ್ಡಿನದಾಯಿತು. ಅದು ಅವರ ವಸ್ತು, ಅವರಿಷ್ಟ, ತಪ್ಪೇನಿಲ್ಲ. ಆದರೆ ಅದನ್ನೇ ನಂಬಿ ಫೋರಂ ಕಟ್ಟಿದವರು ಎರಡರಲ್ಲೊಂದು ಮಾಡಬೇಕಾಯಿತು: ದುಡ್ಡು ಕೊಡಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು.

ಇನ್ನು ‘ದುಡ್ಡು ಕೊಟ್ಟರೆ ಸುರಕ್ಷಿತ’ ಅನ್ನುವ ನಂಬಿಕೆ. ನಿಮ್ಮ ಪ್ರಶ್ನೆಯಲ್ಲೂ ಅದರ ವಾಸನೆ ಇದೆ. 2004ರ ಡಿಸೆಂಬರ್‌ನಲ್ಲಿ ಸ್ಯಾಂಟಿ ಅನ್ನುವ ವರ್ಮ್ (ತಾನೇ ತಾನಾಗಿ ಹರಡುವ ದುಷ್ಟ ಪ್ರೋಗ್ರಾಂ) ಪಿಎಚ್‌ಪಿಬಿಬಿ ಫೋರಂಗಳಿಗೆ ನುಗ್ಗಿತು. ಗೂಗಲ್‌ನಲ್ಲೇ ಹುಡುಕಿ ಹುಡುಕಿ ಬಲಿ ಹಿಡಿಯುತ್ತಿತ್ತು. ಕೊನೆಗೆ ಗೂಗಲ್ ಆ ಹುಡುಕಾಟವನ್ನೇ ತಡೆಯಬೇಕಾಯಿತು. ಇದನ್ನು ನೋಡಿ ಫ್ರೀ ಸಾಫ್ಟ್‌ವೇರ್ ಅಂದರೆ ಇಷ್ಟೇ ಅಂದವರು ಬಹಳ. ಆದರೆ ಆ ತೂತು ಮುಚ್ಚಿದ 2.0.11 ಆವೃತ್ತಿ ನವೆಂಬರ್‌ನಲ್ಲೇ ಬಂದಿತ್ತು. ಒಂದು ತಿಂಗಳು ಅದನ್ನು ಹಾಕಿಕೊಳ್ಳದೆ ಕೂತವರು ಸಿಕ್ಕಿಬಿದ್ದರು. ಅತ್ತ 2019ರ ಸೆಪ್ಟೆಂಬರ್‌ನಲ್ಲಿ ದುಡ್ಡಿನ ಸಾಫ್ಟ್‌ವೇರಾದ ವಿಬುಲೆಟಿನ್ 5ರ ಒಂದು ದೊಡ್ಡ ತೂತನ್ನು ಯಾರೋ ಹೆಸರು ಹೇಳದೆ ಇಂಟರ್ನೆಟ್‌ನಲ್ಲಿ ಹಾಕಿಬಿಟ್ಟರು. ಆಗ ತೇಪೆ ಇನ್ನೂ ಬಂದೇ ಇರಲಿಲ್ಲ. ದಾಳಿಕೋರರು ಲಾಗಿನ್ ಕೂಡ ಆಗದೆ ಸರ್ವರ್ ಮೇಲೆ ತಮ್ಮ ಕೋಡ್ ಓಡಿಸಬಹುದಾಗಿತ್ತು. ಕೆಲವೇ ದಿನಗಳಲ್ಲಿ ಪ್ಯಾಚ್ ಬಂತು ಅನ್ನಿ. ಆದರೂ ಲೈಸೆನ್ಸಿನ ರಸೀದಿ ಇದೆ ಅಂತ ಯಾರನ್ನೂ ಬಿಡಲಿಲ್ಲ.

ವಿಬುಲೆಟಿನ್ ಮಾತು ಬಂತಲ್ಲ, ಇದನ್ನೂ ಕೇಳಿ. ಒಂದು ಕಾಲಕ್ಕೆ ‘ಸೀರಿಯಸ್’ ಫೋರಂ ಅಂದರೆ ವಿಬುಲೆಟಿನ್ ಅಂತಲೇ ಇತ್ತು. 2007ರಲ್ಲಿ ಇಂಟರ್ನೆಟ್ ಬ್ರಾಂಡ್ಸ್ ಅನ್ನುವ ಕಂಪನಿ ಅದನ್ನು ಕೊಂಡಿತು. ಅದನ್ನು ಕಟ್ಟಿದ್ದ ಮುಖ್ಯ ಡೆವಲಪರ್‌ಗಳು ಹೊರಗೆ ಬಂದು 2010ರಲ್ಲಿ ಝೆನ್‌ಫೋರೊ ಶುರು ಮಾಡಿದರು. ಅದೇ ವರ್ಷ ಇಂಟರ್ನೆಟ್ ಬ್ರಾಂಡ್ಸ್ ಕಡೆಯವರು ಅವರ ಮೇಲೆ ಕೇಸು ಹಾಕಿದರು, ಅದು 2013ರವರೆಗೆ ಎಳೆಯಿತು. ಈ ಜಗಳದ ಮಧ್ಯೆ ದುಡ್ಡು ಕೊಟ್ಟವರ ಪಾಡು ನೆನೆಸಿಕೊಳ್ಳಿ. ಹಳೇದನ್ನು ಬಿಡುವಂತಿಲ್ಲ, ಹೊಸದು ಕೋರ್ಟಿನಲ್ಲಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಝೆನ್‌ಫೋರೊ ಉಳಿಯಿತು, ಚೆನ್ನಾಗಿಯೂ ಬೆಳೆಯಿತು. ಕೆಲಸದಲ್ಲಿ ಅದು ಅಚ್ಚುಕಟ್ಟು, ಅದರಲ್ಲಿ ನನ್ನ ತಕರಾರಿಲ್ಲ. ಲೈಸೆನ್ಸೂ ಸರಳ: ಒಮ್ಮೆ ಕೊಂಡರೆ ಒಂದು ವರ್ಷ ಅಪ್‌ಡೇಟ್ ಮತ್ತು ಸಪೋರ್ಟ್. ಆಮೇಲೆ ನವೀಕರಿಸದಿದ್ದರೂ ಇರುವ ಆವೃತ್ತಿಯನ್ನು ಓಡಿಸುತ್ತಾ ಹೋಗಬಹುದು. ಆದರೆ ಸೆಕ್ಯುರಿಟಿ ಪ್ಯಾಚ್ ಬೇಕಲ್ವಾ? ಹಾಗಾಗಿ ‘ಒಮ್ಮೆ ಕೊಂಡರೆ ಮುಗಿಯಿತು’ ಅಂದುಕೊಳ್ಳಬೇಡಿ, ಪ್ರತಿ ವರ್ಷದ ಖರ್ಚು ಅಂತಲೇ ಲೆಕ್ಕ ಹಾಕಿ.

ಈಗ ನನ್ನ ಕಥೆಗೆ ಬರುತ್ತೇನೆ. ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ ಅನಿಸುತ್ತದೆ.

2009ರಲ್ಲಿ ಪಿಎಚ್‌ಪಿಬಿಬಿ 3.0 ಹಾಕಿದೆ. ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಬಾಡಿಗೆ ಜಾಗ), ಕಂಟ್ರೋಲ್ ಪ್ಯಾನೆಲ್‌ನಲ್ಲಿ ನಾಲ್ಕು ಕ್ಲಿಕ್, ಅರ್ಧ ಗಂಟೆಯಲ್ಲಿ ಫೋರಂ ಎದ್ದು ನಿಂತಿತು. ಆ ಸಂಜೆಯ ಖುಷಿಯೇ ಬೇರೆ. ಆಗ ಹೊಸ ಸೌಲಭ್ಯ ಬೇಕೆಂದರೆ ‘ಮಾಡ್’ ಹಾಕಬೇಕಿತ್ತು. ಮಾಡ್ ಅಂದರೆ ಮೂಲ ಫೈಲ್‌ಗಳನ್ನೇ ತೆರೆದು, ಇಂಥ ಸಾಲು ಹುಡುಕಿ, ಅದರ ಕೆಳಗೆ ಈ ಸಾಲು ಸೇರಿಸಿ ಅನ್ನುವ ಸೂಚನೆಗಳ ಪಟ್ಟಿ. ನಾನು ಸುಮ್ನೆ ಇರಲಾರದೆ ಹದಿನಾಲ್ಕು ಮಾಡ್ ಹಾಕಿಕೊಂಡೆ. ಅಪ್‌ಡೇಟ್ ಬಂದಾಗ ಫೈಲ್‌ಗಳು ಹೊಸದಾಗುತ್ತಿದ್ದವು, ಹದಿನಾಲ್ಕೂ ಅಳಿಸಿಹೋಗುತ್ತಿದ್ದವು. ಹಾಗಾಗಿ ಅಪ್‌ಡೇಟ್ ಮಾಡುವುದನ್ನೇ ಮುಂದೂಡುತ್ತಾ ಹೋದೆ. ಸ್ಯಾಂಟಿಗೆ ಬಲಿಯಾದವರು ಮಾಡಿದ್ದೂ ಇದನ್ನೇ ಅಲ್ವಾ? 2014ರಲ್ಲಿ 3.1 ಬಂದ ಮೇಲೆ ಹೊಸ ಸೌಲಭ್ಯವನ್ನು ಬೇರೆಯಾಗಿಯೇ ಜೋಡಿಸುವ ಎಕ್ಸ್‌ಟೆನ್ಷನ್ ಪದ್ಧತಿ ಬಂತು, ಮೂಲ ಫೈಲ್ ಮುಟ್ಟುವ ಕರ್ಮ ತಪ್ಪಿತು. ಈಗ ನೀವು ಶುರು ಮಾಡಿದರೆ ಈ ಕಾಟ ಇಲ್ಲ. ಆದರೂ ಎಕ್ಸ್‌ಟೆನ್ಷನ್ ಎರಡು ಮೂರಕ್ಕೆ ನಿಲ್ಲಿಸಿ. ಅದನ್ನು ಬರೆದವರು ಯಾವತ್ತು ಬೇಕಾದರೂ ಆಸಕ್ತಿ ಕಳೆದುಕೊಳ್ಳಬಹುದು. ದುಡ್ಡಿನ ಸಾಫ್ಟ್‌ವೇರ್‌ಗೆ ಹೋದ ಮೇಲೂ ನನಗೆ ಅದೇ ಆಯಿತು. ಆಡ್‌ಆನ್‌ಗಳಿಗೆ ಬೇರೆ ದುಡ್ಡು ಕೊಟ್ಟಿದ್ದೆ. ಮುಂದಿನ ದೊಡ್ಡ ಆವೃತ್ತಿ ಬಂದಾಗ ಒಂಬತ್ತರಲ್ಲಿ ನಾಲ್ಕಕ್ಕೆ ದಿಕ್ಕುದೆಸೆ ಇರಲಿಲ್ಲ.

ದೊಡ್ಡ ಏಟು ಬಿದ್ದದ್ದು ಐದನೇ ವರ್ಷ. ಹೋಸ್ಟಿಂಗ್‌ನವರ ಡಿಸ್ಕ್ ಹೋಯಿತು. ಅವರ ಬ್ಯಾಕಪ್ ಕೇಳಿದರೆ ಅದೂ ಅದೇ ಮೆಷಿನ್‌ನಲ್ಲಿತ್ತಂತೆ. ನಾನು ಹೆದರಲಿಲ್ಲ. ಪ್ರತಿ ಭಾನುವಾರ ಅಡ್ಮಿನ್ ಪ್ಯಾನೆಲ್‌ನಿಂದ ಬ್ಯಾಕಪ್ ಇಳಿಸಿಕೊಳ್ಳುತ್ತಿದ್ದೆನಲ್ಲ. ಹೊಸ ಸರ್ವರ್‌ಗೆ ಏರಿಸಿದೆ. ಪೋಸ್ಟ್‌ಗಳೆಲ್ಲ ಬಂದವು, ಸದಸ್ಯರೆಲ್ಲ ಬಂದರು. ಒಂದು ಹಳೇ ಥ್ರೆಡ್ ತೆರೆದೆ. ಹಿಂದಿನ ಚಕ್ರದ ಹಬ್ ಬಿಚ್ಚುವುದು ಹೇಗೆ ಅಂತ ಒಬ್ಬರು ಹದಿನೆಂಟು ಫೋಟೋ ಹಾಕಿ ಬರೆದಿದ್ದ ಪಾಠ ಅದು. ‘ಚಿತ್ರ 7ರಲ್ಲಿ ತೋರಿಸಿದ ಹಾಗೆ ಈ ಸಣ್ಣ ಸ್ಪ್ರಿಂಗನ್ನು ಉಗುರಿನಿಂದ ಒತ್ತಿ ಹಿಡಿಯಿರಿ’ ಅಂತಿದೆ. ಚಿತ್ರ 7 ಇಲ್ಲ. ಹದಿನೆಂಟರಲ್ಲಿ ಒಂದೂ ಇಲ್ಲ.

ಆಮೇಲೆ ತಿಳಿಯಿತು. ಪಿಎಚ್‌ಪಿಬಿಬಿಯಲ್ಲಿ ಲಗತ್ತಿಸಿದ ಫೋಟೋಗಳು ಡೇಟಾಬೇಸ್‌ನಲ್ಲಿ, ಅಂದರೆ ಪೋಸ್ಟ್‌ಗಳ ಬರಹ ಕೂತಿರುವ ಕಡೆ, ಇರುವುದಿಲ್ಲ. ಫೈಲ್ಸ್ ಅನ್ನುವ ಬೇರೆ ಫೋಲ್ಡರ್‌ನಲ್ಲಿ, ಅಂಕಿ ಅಕ್ಷರ ಕಲಸಿದ ಉದ್ದುದ್ದ ಹೆಸರಿನಲ್ಲಿ ಕೂತಿರುತ್ತವೆ. ಅಡ್ಮಿನ್ ಪ್ಯಾನೆಲ್‌ನ ಬ್ಯಾಕಪ್ ಬಟನ್ ಡೇಟಾಬೇಸ್ ಮಾತ್ರ ತೆಗೆಯುತ್ತದೆ. ಐದು ವರ್ಷ ನಾನು ಅರ್ಧ ಫೋರಂ ಮಾತ್ರ ಕಾಪಾಡಿಕೊಂಡು ಬಂದಿದ್ದೆ. ನಿಮ್ಮದು ಕ್ಯಾಮೆರಾ ರಿಪೇರಿ. ಶಟರ್ ಬಿಚ್ಚಿದ ಫೋಟೋ ಇಲ್ಲದಿದ್ದರೆ ಆ ಬರಹವನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಯಾವ ಸಾಫ್ಟ್‌ವೇರ್ ಆದರೂ ಸರಿ, ಮೊದಲ ವಾರದಲ್ಲೇ ಬ್ಯಾಕಪ್ ತೆಗೆದು, ಬೇರೆ ಜಾಗದಲ್ಲಿ ಏರಿಸಿ, ಫೋಟೋ ಕಾಣುತ್ತವಾ ಅಂತ ಕಣ್ಣಾರೆ ನೋಡಿ. ಈ ವಿಷಯದಲ್ಲಿ ಡಿಸ್ಕೋರ್ಸ್ ನನಗೆ ಇಷ್ಟ. ಅಪ್‌ಲೋಡ್ ಆದ ಚಿತ್ರಗಳನ್ನೂ ಸೇರಿಸಿ ಒಂದೇ ಫೈಲ್ ಆಗಿ ಬ್ಯಾಕಪ್ ಕೊಡುತ್ತದೆ. ಇನ್ನೊಂದು ಸರ್ವರ್‌ನಲ್ಲಿ ಅದನ್ನೇ ಏರಿಸಿದರೆ ಫೋರಂ ಇದ್ದ ಹಾಗೇ ಎದ್ದು ಕೂರುತ್ತದೆ.

ಹಾಗಂತ ಡಿಸ್ಕೋರ್ಸನ್ನು ನೀವೇ ಹಾಕಲು ಹೋಗಬೇಡಿ. ಅದು ಶೇರ್ಡ್ ಹೋಸ್ಟಿಂಗ್‌ನಲ್ಲಿ ಓಡುವುದಿಲ್ಲ. ಡಾಕರ್ (ಸಾಫ್ಟ್‌ವೇರನ್ನು ಅದಕ್ಕೆ ಬೇಕಾದದ್ದರ ಸಮೇತ ಒಂದು ಡಬ್ಬಿಯಲ್ಲಿಟ್ಟು ಓಡಿಸುವ ಸಲಕರಣೆ) ಬೇಕು, ಕನಿಷ್ಠ 1 ಜಿಬಿ ರ‍್ಯಾಮ್ ಇರುವ ನಿಮ್ಮದೇ ಸರ್ವರ್ ಬೇಕು, ಕಮಾಂಡ್ ಲೈನ್ ಗೊತ್ತಿರಬೇಕು. ಅದಕ್ಕಿಂತ ದೊಡ್ಡ ತಲೆನೋವು ಈಮೇಲ್. ಸದಸ್ಯರು ಖಾತೆ ತೆರೆದಾಗ ಒಂದು ಖಾತ್ರಿ ಮೇಲ್ ಹೋಗಬೇಕು. ಎಷ್ಟೋ ಸರ್ವರ್ ಕಂಪನಿಗಳು ಮೇಲ್ ಹೊರಗೆ ಹೋಗುವ ಬಾಗಿಲಾದ ಪೋರ್ಟ್ 25 ಮುಚ್ಚಿಟ್ಟಿರುತ್ತವೆ. ತೆರೆದಿದ್ದರೂ ಮೇಲ್ ನಿಜವಾಗಿ ನಿಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್ ಸರಿಯಾಗಿ ಹೊಂದಿಸದಿದ್ದರೆ ಮೇಲ್ ನೇರ ಸ್ಪ್ಯಾಮ್ ಫೋಲ್ಡರ್‌ಗೆ ಹೋಗುತ್ತದೆ. ನಿಮಗೆ ಕಾಣುವುದು ಮಾತ್ರ ‘ಯಾಕೋ ಯಾರೂ ಸೇರ್ತಾ ಇಲ್ಲ’ ಅಂತ.

ಸ್ಪ್ಯಾಮ್ ಬಗ್ಗೆ ಒಂದು ಚಿಕ್ಕ ಸಂಗತಿ. ನನ್ನ ಫೋರಂನಲ್ಲಿ ದಿನಕ್ಕೆ ನಲವತ್ತು ಐವತ್ತು ಕಳ್ಳ ಖಾತೆಗಳು ಸೇರುತ್ತಿದ್ದವು. ವಕ್ರ ಅಕ್ಷರ ಓದಿಸಿ ಮನುಷ್ಯರೇ ಅಂತ ಪರೀಕ್ಷಿಸುವ ಕ್ಯಾಪ್ಚಾ ಏನೂ ಮಾಡಲಿಲ್ಲ. ಪಿಎಚ್‌ಪಿಬಿಬಿಯಲ್ಲಿ ನಮ್ಮದೇ ಪ್ರಶ್ನೆ ಹಾಕುವ ಸೌಲಭ್ಯ ಇದೆ. ‘ಸೈಕಲ್‌ನ ಯಾವ ಕಡೆಯ ಪೆಡಲ್‌ಗೆ ಉಲ್ಟಾ ತಿರುಪು ಇರುತ್ತದೆ?’ ಅಂತ ಹಾಕಿದೆ. ಎಡಗಡೆಯದು ಅಂತ ಸೈಕಲ್ ಬಿಚ್ಚಿದವರಿಗೆಲ್ಲ ಗೊತ್ತು. ಮಾರನೇ ದಿನ ಬಂದದ್ದು ಎರಡೇ ಎರಡು ಖಾತೆ, ಎರಡೂ ನಿಜವಾದ ಮನುಷ್ಯರು. ಈಗಿನ ಬಾಟ್‌ಗಳು (ಮನುಷ್ಯರ ಸೋಗಿನ ಪ್ರೋಗ್ರಾಂಗಳು) ಇಂಥ ಪ್ರಶ್ನೆಗೂ ಉತ್ತರ ಕೊಡುತ್ತವೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ಹೊಸಬರ ಮೊದಲ ಕೆಲವು ಪೋಸ್ಟ್‌ಗಳು ನೀವು ಒಪ್ಪಿದ ಮೇಲೇ ಕಾಣುವಂತೆ ಇಡಿ. ಪಿಎಚ್‌ಪಿಬಿಬಿಯಲ್ಲೂ ಅದಕ್ಕೆ ವ್ಯವಸ್ಥೆ ಇದೆ. ಡಿಸ್ಕೋರ್ಸ್‌ನಲ್ಲಿ 0ಯಿಂದ 4ರವರೆಗೆ ನಂಬಿಕೆಯ ಮಟ್ಟ ಅಂತ ಇದೆ, ಹೊಸಬರು ಸಿಕ್ಕಾಪಟ್ಟೆ ಲಿಂಕ್ ಹಾಕಲು ಬಿಡುವುದೇ ಇಲ್ಲ.

ಒಂದು ಫೋರಂ ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹೋಗುವುದು ಸುಲಭ ಅಂತ ಜಾಹೀರಾತಿನಲ್ಲಿ ಇರುತ್ತದೆ. ಹಳೇ ಪೋಸ್ಟ್‌ಗಳನ್ನು ಹೊಸದಕ್ಕೆ ತರುವ ಇಂಪೋರ್ಟರ್ ಇರುವುದು ನಿಜ, ಮುಕ್ಕಾಲು ಕೆಲಸ ಆಗುವುದೂ ನಿಜ. ಉಳಿದ ಕಾಲು ಭಾಗಕ್ಕೆ ನನಗೆ ಮೂರು ವಾರ ಹಿಡಿಯಿತು. ಸದಸ್ಯರು ಬರೆದ ಕೆಲವು ಪೋಸ್ಟ್‌ಗಳು ನಡುವೆಯೇ ತುಂಡಾಗಿದ್ದವು. ಹುಡುಕಿದರೆ ಎಲ್ಲವೂ ಇಮೋಜಿ ಬಂದ ಜಾಗದಲ್ಲೇ ತುಂಡು. ಕಂಪ್ಯೂಟರ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಜಾಗ ಸಾಕು, ಇಮೋಜಿಗೆ 4 ಬೇಕು. ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ನಲ್ಲಿ ಅಕ್ಷರ ಉಳಿಸುವ ಹಳೇ ಪದ್ಧತಿಯಾದ ಯುಟಿಎಫ್8 ಮೂರಕ್ಕೇ ಕೈಚೆಲ್ಲುತ್ತದೆ. ನಾನು ಹೊಸ ಡೇಟಾಬೇಸ್ ಮಾಡುವಾಗ ಆ ಹಳೇದನ್ನೇ ಆರಿಸಿದ್ದೆ. ನಗುಮುಖದ ಆಚೆ ಬರೆದದ್ದೆಲ್ಲ ಮಾಯ. ನೀವು ಶುರುವಿನಲ್ಲೇ 4 ಬೈಟ್ ಹಿಡಿಸುವ ಯುಟಿಎಫ್8ಎಂಬಿ4 ಇದೆಯಾ ಅಂತ ನೋಡಿಕೊಂಡರೆ ಮುಗಿಯಿತು.

ಹಾಗಾದರೆ ನೀವೇನು ಮಾಡಬೇಕು? ನಿಮ್ಮ 300 ಜನರಲ್ಲಿ ಸರ್ವರ್ ಕೆಲಸ ಬಲ್ಲವರು ಒಬ್ಬರಾದರೂ ಇದ್ದು, ರಾತ್ರಿ ಫೋರಂ ಬಿದ್ದರೆ ಬೆಳಿಗ್ಗೆಯಾದರೂ ನೋಡುತ್ತೇನೆ ಅಂತ ಒಪ್ಪಿದರೆ ಪಿಎಚ್‌ಪಿಬಿಬಿ ಹಾಕಿ. ನೋಡಲು ಸ್ವಲ್ಪ ಹಳೇ ಕಾಲದ್ದು ಅನಿಸುತ್ತದೆ, ಆದರೆ ಗಟ್ಟಿ ಆಳು, ಸಣ್ಣ ಹೋಸ್ಟಿಂಗ್‌ನಲ್ಲೂ ಓಡುತ್ತದೆ. ಫ್ಲಾರಮ್ ನೋಡಲು ಚೆಂದ, ಆದರೆ ಬೇಕಾದ ಬಹಳಷ್ಟಕ್ಕೆ ಎಕ್ಸ್‌ಟೆನ್ಷನ್ ಹುಡುಕಬೇಕು, ಆ ಗೋಜು ನಿಮಗೆ ಬೇಡ. ಸರ್ವರ್ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ತಿಂಗಳಿಗಿಷ್ಟು ಅಂತ ಕೊಟ್ಟು ಹೋಸ್ಟ್ ಮಾಡಿಸಿದ, ಅಂದರೆ ಸರ್ವರ್ ಕೆಲಸವನ್ನೆಲ್ಲ ಅವರೇ ನೋಡಿಕೊಳ್ಳುವ, ಫೋರಂ ತಗೊಳ್ಳಿ. ನಾನಾದರೆ ಡಿಸ್ಕೋರ್ಸ್ ಹೋಸ್ಟಿಂಗ್ ಆರಿಸುತ್ತೇನೆ. ಸಾಫ್ಟ್‌ವೇರ್ ಮುಕ್ತ, ಹಾಗಾಗಿ ಬೇಡ ಅನಿಸಿದ ದಿನ ಬ್ಯಾಕಪ್ ತಗೊಂಡು ಬೇರೆ ಕಡೆ ಹೋಗಬಹುದು. ಝೆನ್‌ಫೋರೊದವರೂ ಇಂಥದ್ದೇ ಹೋಸ್ಟಿಂಗನ್ನು ಕ್ಲೌಡ್ ಅಂತ ಕೊಡುತ್ತಾರೆ, ಮಾಡರೇಟರ್‌ಗಳಿಗೆ ಅದರ ಸಲಕರಣೆಗಳು ಬಹಳ ಅನುಕೂಲ. ಜಾಹೀರಾತು ಹಾಕಿಕೊಂಡು ಪುಕ್ಕಟೆ ಫೋರಂ ಕೊಡುವ ತಾಣಗಳಿಂದ ಮಾತ್ರ ದೂರ ಇರಿ. ನಿಮ್ಮ ಡೇಟಾ ಹೊರಗೆ ತೆಗೆಯಲು ಎಷ್ಟೋ ಕಡೆ ದಾರಿಯೇ ಇರುವುದಿಲ್ಲ.

ಮತ್ತೆ, ಡೊಮೇನ್ ಹೆಸರನ್ನು ನಿಮ್ಮೊಬ್ಬರ ಖಾಸಗಿ ಈಮೇಲ್‌ಗೆ ಕಟ್ಟಿಡಬೇಡಿ. ಅಡ್ಮಿನ್ ಪಾಸ್‌ವರ್ಡ್ ಇನ್ನಿಬ್ಬರಿಗಾದರೂ ಗೊತ್ತಿರಲಿ. ಅಂದಹಾಗೆ, ನಿಮ್ಮ ನೋಂದಣಿ ಪುಟಕ್ಕೆ ಒಂದು ಪ್ರಶ್ನೆ ನನ್ನ ಕಡೆಯಿಂದ: ‘ಲೆನ್ಸ್‌ನ ರಿಂಗ್‌ನಲ್ಲಿ 5.6 ಆದ ಮೇಲೆ ಬರುವ ಪೂರ್ತಿ ಸ್ಟಾಪ್ ಯಾವುದು?’