ವಾದಕನಿಲ್ಲದ ಲೇಖನ: ಒಬ್ಬ ಬರಹಗಾರರಿಗೆ ಉತ್ತರ

ಪ್ರಿಯ ಲೇಖಕರಿಗೆ,

ನಿಮ್ಮ ‘ಚಿನ್ನದ ಕೊಳವೆಯ ಮಾಂತ್ರಿಕ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಇದನ್ನು ಕೊನೆಯವರೆಗೆ ಎಳೆದು ಹೇಳುವುದು ನನಗೆ ಇಷ್ಟವಿಲ್ಲ. ಡ್ಯುರಾನ್ ಡ್ಯುರಾನ್ ಎಂಬ ಬ್ರಿಟಿಷ್ ಸಿಂಥ್-ಪಾಪ್ (ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯ ಪ್ರಧಾನವಾದ ಪಾಪ್) ತಂಡದ ಜೊತೆ ಪ್ರವಾಸ ಮಾಡಿದ ಸ್ಯಾಕ್ಸೋಫೋನ್ ವಾದಕ ಆ್ಯಂಡಿ ಹ್ಯಾಮಿಲ್ಟನ್ ಅವರ ಬದುಕನ್ನು ಕನ್ನಡದಲ್ಲಿ ಬರೆಯಬೇಕೆಂದು ನಿಮಗೆ ಅನ್ನಿಸಿದ್ದು ಒಳ್ಳೆಯದೇ. ತಂಡದ ಫೋಟೋದಲ್ಲಿ ಇಲ್ಲದವರ ಬಗ್ಗೆ ಬರೆಯುವವರು ನಮ್ಮಲ್ಲಿ ಕಡಿಮೆ. ಆದರೆ ನೀವು ಬರೆದಿರುವುದು ಅವರ ಬಗ್ಗೆ ಅಲ್ಲ.

ದೊಡ್ಡ ತಪ್ಪನ್ನು ಮೊದಲು ಹೇಳುತ್ತೇನೆ. ನೀವು ಇಬ್ಬರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದೀರಿ. ನಿಮ್ಮ ಪ್ರಕಾರ ಹ್ಯಾಮಿಲ್ಟನ್ 1918ರಲ್ಲಿ ಜಮೈಕಾದಲ್ಲಿ ಹುಟ್ಟಿದರು, ಹಾಲಿವುಡ್ ನಟ ಎರಲ್ ಫ್ಲಿನ್ ಅವರಿಗಾಗಿ ನುಡಿಸಿದರು, 1949ರಲ್ಲಿ ಇಂಗ್ಲೆಂಡಿಗೆ ಬಂದು ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿದರು, ಅದೇ ಊರಿನ ಡ್ಯುರಾನ್ ಡ್ಯುರಾನ್ ಹುಡುಗರು 1982ರಲ್ಲಿ ‘ರಿಯೋ’ ಹಾಡಿಗೆ ಅವರನ್ನು ಹುಡುಕಿಕೊಂಡು ಹೋದರು. ಕಥೆ ಸೊಗಸಾಗಿದೆ, ನಿಜವಲ್ಲ. ಜಮೈಕಾದಿಂದ ಬಂದ ಆ್ಯಂಡಿ ಹ್ಯಾಮಿಲ್ಟನ್ ಬರ್ಮಿಂಗ್‌ಹ್ಯಾಮಿನ ಜಾಝ್ ವಾದಕರು. ‘ಸಿಲ್ವರ್‌ಶೈನ್’ ಎಂಬ ಅವರ ಮೊದಲ ಆಲ್ಬಂ ಹೊರಬಂದದ್ದು 1991ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತೀರಿಕೊಂಡದ್ದು 2012ರಲ್ಲಿ. ‘ರಿಯೋ’ದಲ್ಲಿ ನುಡಿಸಿದವರು ಅದೇ ಹೆಸರಿನ ಇನ್ನೊಬ್ಬರು, ಸ್ಟುಡಿಯೋ ಮತ್ತು ಪ್ರವಾಸಗಳಲ್ಲಿ ದುಡಿದ ವಾದಕರು. ಹೆಸರು ಒಂದೇ, ವಾದ್ಯ ಒಂದೇ, ಊರಿನ ನಂಟೂ ಹತ್ತಿರದ್ದೇ. ಎಡವುವುದು ಸುಲಭ, ಒಪ್ಪುತ್ತೇನೆ. ಆದರೆ 1984ರ ಪ್ರವಾಸದ ಚಿತ್ರೀಕರಣವನ್ನು ಹಲವು ಸಲ ನೋಡಿದ್ದಾಗಿ ನೀವೇ ಬರೆದಿದ್ದೀರಿ. ಅಲ್ಲಿ ನುಡಿಸುತ್ತಿರುವವರು ಅರವತ್ತಾರು ವರ್ಷದವರಂತೆ ಕಂಡರೇ? ನೋಡಿದ್ದು ಹಾಗೂ ಓದಿದ್ದು ಹೊಂದಿಕೆಯಾಗದಾಗ ನೀವು ಓದಿದ್ದನ್ನು ನಂಬಿದಿರಿ. ತಪ್ಪಿಗಿಂತ ಈ ಅಭ್ಯಾಸ ನನ್ನನ್ನು ಹೆಚ್ಚು ಕಾಡಿತು.

ಮೊದಲ ಮೂರು ಪುಟಗಳು ಇದರಿಂದಲೇ ಬಿದ್ದುಹೋಗುತ್ತವೆ. ಸ್ಯಾಕ್ಸೋಫೋನ್ ಕಂಡುಹಿಡಿದ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಬಗೆಗಿನ ಪುಟವೂ ಬೇಡ. 1846ರ ಪೇಟೆಂಟ್ ಯಾವ ವಿಶ್ವಕೋಶದಲ್ಲಾದರೂ ಸಿಗುತ್ತದೆ.

ಇನ್ನು ನಿಮ್ಮ ಲೇಖನದ ಬೆನ್ನೆಲುಬು ಎಂದು ನೀವು ಭಾವಿಸಿರುವ ವಾಕ್ಯ: ‘ಯಂತ್ರಗಳ ತಣ್ಣನೆಯ ಲೋಕಕ್ಕೆ ಅವರು ಮನುಷ್ಯನ ಉಸಿರಿನ ಬಿಸಿ ತಂದರು.’ ಇದು ಬೇರೆ ಬೇರೆ ವೇಷದಲ್ಲಿ ಐದಾರು ಕಡೆ ಬರುತ್ತದೆ. ಸಿಂಥ್-ಪಾಪ್ ಹಾಡಿನಲ್ಲಿ ಸ್ಯಾಕ್ಸೋಫೋನ್ ಕೇಳಿಸಿದ ಕೂಡಲೇ ಎಲ್ಲರೂ ಬರೆಯುವ ವಾಕ್ಯ ಇದು, ಕೇಳದೆಯೂ ಬರೆಯಬಹುದು. ನೀವು ಹಾಡನ್ನು ಕೇಳಿ ಬರೆಯಿರಿ. ‘ರಿಯೋ’ ಆರಂಭವಾಗುವ ಆ ವಿಚಿತ್ರ ಸದ್ದು ಸಿಂಥಸೈಜರಿನದ್ದಲ್ಲ. ಕೀಬೋರ್ಡ್ ವಾದಕ ನಿಕ್ ರೋಡ್ಸ್ ಲೋಹದ ಸರಳುಗಳನ್ನು ದೊಡ್ಡ ಪಿಯಾನೋದ ತಂತಿಗಳ ಮೇಲೆ ಬೀಳಿಸಿ, ಆ ಧ್ವನಿಮುದ್ರಣವನ್ನು ಹಿಂದುಮುಂದಾಗಿ ಓಡಿಸಿದ್ದು. ಹಾಡಿನುದ್ದಕ್ಕೂ ಚಿಲಿಪಿಲಿಗುಟ್ಟುವ ಸ್ವರಮಾಲೆ ರೋಲ್ಯಾಂಡ್ ಜುಪಿಟರ್-4 ಎಂಬ ಅನಲಾಗ್ ಸಿಂಥಸೈಜರಿನದ್ದು. ಇಂಥ ಅನಲಾಗ್ ಯಂತ್ರಗಳು ವೇದಿಕೆಯ ದೀಪಗಳ ಶಾಖಕ್ಕೆ ಶ್ರುತಿ ತಪ್ಪುತ್ತಿದ್ದವು. ಸ್ಯಾಕ್ಸೋಫೋನೂ ಹಾಗೆಯೇ: ಕೊಳವೆಯೊಳಗಿನ ಗಾಳಿ ಬಿಸಿಯಾದಂತೆ ಸ್ವರ ಏರುತ್ತದೆ, ಬಯಲಿನ ಚಳಿಯಲ್ಲಿ ಇಳಿಯುತ್ತದೆ. ವಾದಕ ಮೌತ್‌ಪೀಸನ್ನು, ಅಂದರೆ ಊದುವ ತುದಿಯನ್ನು, ಕೊಳವೆಯ ಕತ್ತಿನ ಬೂಚಿನ ಮೇಲೆ ತುಸು ಒಳಗೆ ತಳ್ಳಿಯೋ ಹೊರಗೆ ಎಳೆದೋ, ಉಳಿದದ್ದನ್ನು ತುಟಿಯ ಬಿಗಿಯಲ್ಲಿಯೋ ಸರಿಪಡಿಸಿಕೊಳ್ಳುತ್ತಾನೆ. ಅಂದಮೇಲೆ ತಣ್ಣನೆಯ ಯಂತ್ರ ಯಾವುದು, ಬಿಸಿ ಉಸಿರು ಯಾವುದು? ಎರಡೂ ಶಾಖಕ್ಕೆ ಜಾರುವ ವಾದ್ಯಗಳೇ. ಜಾರಿದ್ದನ್ನು ಆ ಕ್ಷಣದಲ್ಲೇ ಹಿಡಿಯಬಲ್ಲವನು ಊದುವವನು. ಡಿಜಿಟಲ್ ಕೀಬೋರ್ಡುಗಳು ಬಂದಮೇಲೆ ಅವನ ಕೆಲಸ ಇನ್ನೂ ಕಠಿಣವಾಯಿತು, ಏಕೆಂದರೆ ಅವು ಜಾರುವುದೇ ಇಲ್ಲ. ಇಡೀ ಹೊಂದಾಣಿಕೆ ಅವನೊಬ್ಬನದೇ.

ಇಂಥ ಕಸುಬಿನ ವಿವರ ನಿಮ್ಮ ಹನ್ನೊಂದು ಪುಟಗಳಲ್ಲಿ ಒಂದೂ ಇಲ್ಲ. ಗಿಟಾರಿನವರಿಗೆ ಅತಿ ಸಲೀಸಾದ ‘ಇ’ ಶ್ರುತಿಯ ಹಾಡು ಟೆನರ್ ಸ್ಯಾಕ್ಸೋಫೋನಿನ ಬೆರಳುಗಳಿಗೆ ಆರು ಶಾರ್ಪ್‌ಗಳ (ಅರ್ಧ ಸ್ವರ ಏರಿಸಿದ ಸ್ವರಗಳ) ‘ಎಫ್ ಶಾರ್ಪ್’ ಆಗಿ ಬರುತ್ತದೆ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು, ಪ್ರವಾಸಿ ವಾದಕನ ದಿನಚರಿಯ ಒಂದು ಮೂಲೆ ಓದುಗನಿಗೆ ಕಾಣುತ್ತಿತ್ತು. ಎರಡು ಗಂಟೆಯ ಕಛೇರಿಯಲ್ಲಿ ಸ್ಯಾಕ್ಸೋಫೋನ್ ಇರುವ ಹಾಡುಗಳು ಕೆಲವೇ. ಉಳಿದ ಹೊತ್ತು ಅವನು ಏನು ಮಾಡುತ್ತಾನೆ? ಎಲ್ಲಿ ನಿಲ್ಲುತ್ತಾನೆ? ಬೆಳಕು ಅವನ ಮೇಲೆ ಯಾವಾಗ ಬೀಳುತ್ತದೆ, ಯಾವಾಗ ಆರುತ್ತದೆ? ನೀವು ನೋಡಿದ ಚಿತ್ರೀಕರಣದಲ್ಲಿ ಇದೆಲ್ಲ ಇದೆ. ಲೇಖನದಲ್ಲಿ ಇರುವುದು ‘ಮೋಡಿ’, ‘ಮಂತ್ರಮುಗ್ಧ’, ‘ಸ್ವರಸಾಗರ’.

ಕದ್ರಿ ಗೋಪಾಲನಾಥರನ್ನು ಎಳೆತಂದಿದ್ದೀರಿ. ಕನ್ನಡದ ಓದುಗರಿಗೆ ಸ್ಯಾಕ್ಸೋಫೋನ್ ಎಂದರೆ ಅವರ ನೆನಪು ಬರುವುದು ಸಹಜ. ಕರಾವಳಿಯ ಮದುವೆ ಮಂಟಪಗಳಲ್ಲೂ ದೇವಸ್ಥಾನಗಳಲ್ಲೂ ಆ ವಾದ್ಯದ ಸದ್ದು ಕೇಳಿ ಬೆಳೆದವರು ಎಷ್ಟೋ ಮಂದಿ. ಆದರೆ ‘ಹ್ಯಾಮಿಲ್ಟನ್ ಇಂಗ್ಲೆಂಡಿನ ಕದ್ರಿ’ ಎಂದರೆ ಇಬ್ಬರಿಗೂ ಅನ್ಯಾಯ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕಂಡು ಮನಸೋತ, ನಾಗಸ್ವರ ವಾದಕರ ಮಗನಾದ ಗೋಪಾಲನಾಥರು ಗಮಕಗಳಿಗೆ ಒಗ್ಗುವಂತೆ ವಾದ್ಯವನ್ನೇ ಮಾರ್ಪಡಿಸಿಕೊಂಡರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಛೇರಿಯಲ್ಲಿ ನುಡಿಸಿದರು. ಪ್ರವಾಸಿ ವಾದಕನ ಸ್ಥಿತಿ ಇದಕ್ಕೆ ತದ್ವಿರುದ್ಧ: ಹಾಡು ಇನ್ನೊಬ್ಬರದು, ಶ್ರುತಿ ಇನ್ನೊಬ್ಬರದು, ಎಷ್ಟು ಹೊತ್ತು ನುಡಿಸಬೇಕೆಂಬ ಲೆಕ್ಕವೂ ಇನ್ನೊಬ್ಬರದು. ಆ ವೈದೃಶ್ಯವನ್ನು ಒಂದು ವಾಕ್ಯದಲ್ಲಿ ಹೇಳುವುದಾದರೆ ಇರಲಿ. ಹೋಲಿಕೆಯಾಗಿ ಬೇಡ.

ಹಾಗಾದರೆ ಇದರಲ್ಲಿ ಲೇಖನವೇ ಇಲ್ಲವೇ? ಇದೆ. ಏಳನೆಯ ಪುಟದಲ್ಲಿ, ಕಂಸದೊಳಗೆ ಬಿದ್ದುಕೊಂಡಿದೆ. ‘ರಿಯೋ’ ವಿಡಿಯೋದಲ್ಲಿ ಸ್ಯಾಕ್ಸೋಫೋನ್ ನುಡಿಸಿದಂತೆ ನಟಿಸಿದವರು ನಿಕ್ ರೋಡ್ಸ್ ಎಂದು ನೀವು ದಾರಿಯಲ್ಲಿ ಹೋಗುವಾಗ ಉದುರಿಸಿದ್ದೀರಿ. ನಿರ್ದೇಶಕ ರಸೆಲ್ ಮಲ್ಕಾಹಿ ಆಂಟಿಗುವಾ ದ್ವೀಪದಲ್ಲಿ ಚಿತ್ರಿಸಿದ ಆ ವಿಡಿಯೋವನ್ನು ಎಂಟಿವಿ ಮನೆಮನೆಗೂ ತಲುಪಿಸಿತು. ಸ್ಯಾಕ್ಸೋಫೋನ್ ಜನಮನದಲ್ಲಿ ಉಳಿಯಿತು, ಅದನ್ನು ಊದಿದವರ ಮುಖ ಉಳಿಯಲಿಲ್ಲ. ಉಳಿದದ್ದು ಸಿಂಥಸೈಜರ್ ನುಡಿಸುವವರ ಮುಖ. ಇದಕ್ಕಿಂತ ಒಳ್ಳೆಯ ಆರಂಭ ನಿಮಗೆ ಎಲ್ಲಿ ಸಿಕ್ಕೀತು? ನೀವು ಅದನ್ನು ತಮಾಷೆಯ ಸಂಗತಿಯೆಂದು ಬಗೆದು ಮುಂದೆ ನಡೆದಿದ್ದೀರಿ.

ಅಲ್ಲಿಂದ ಎಳೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ತಂಡದ ಐವರು 2000ದ ದಶಕದಲ್ಲಿ ಮತ್ತೆ ಒಂದಾದರು, ಅದರ ನಂತರದ ವರ್ಷಗಳಲ್ಲಿ ವೇದಿಕೆಯಲ್ಲಿ ‘ರಿಯೋ’ದ ಸ್ಯಾಕ್ಸೋಫೋನ್ ಸೋಲೊ (ಒಬ್ಬಂಟಿ ವಾದನ) ನುಡಿಸುತ್ತ ಬಂದವರು ಸೈಮನ್ ವಿಲ್ಸ್‌ಕ್ರಾಫ್ಟ್. ಹ್ಯಾಮಿಲ್ಟನ್ ಆ ಹೊತ್ತಿಗೆ ಎಲ್ಲಿದ್ದರು? 2006ರಲ್ಲಿ ಆರಂಭವಾದ ಗಾಯಕ ಜಾರ್ಜ್ ಮೈಕೆಲ್ ಅವರ ‘25 ಲೈವ್’ ಪ್ರವಾಸದಲ್ಲಿ, ಸ್ಯಾಕ್ಸೋಫೋನ್ ಮತ್ತು ಕೀಬೋರ್ಡಿನ ಹಿಂದೆ. ಜಾರ್ಜ್ ಮೈಕೆಲ್ ಎಂದರೆ ‘ಕೇರ್‌ಲೆಸ್ ವಿಸ್ಪರ್’. ಆ ಹಾಡೆಂದರೆ ಸ್ಯಾಕ್ಸೋಫೋನ್. ನೀವು ಒಂಬತ್ತನೆಯ ಪುಟದಲ್ಲಿ ಅದರ ಧ್ವನಿಮುದ್ರಣವನ್ನೂ ಹ್ಯಾಮಿಲ್ಟನ್ ಖಾತೆಗೆ ಬರೆದಿದ್ದೀರಿ. ಅಲ್ಲ. 1984ರ ಧ್ವನಿಮುದ್ರಣದಲ್ಲಿ ನುಡಿಸಿದವರು ಸ್ಟೀವ್ ಗ್ರೆಗರಿ. ಅವರ ಹಳೆಯ ವಾದ್ಯದಲ್ಲಿ ಮೇಲಿನ ಎಫ್ ಶಾರ್ಪ್ ಕೀಲಿ ಇರಲಿಲ್ಲವಾದ್ದರಿಂದ ಟೇಪಿನ ವೇಗ ತಗ್ಗಿಸಿ, ಅರ್ಧ ಸ್ವರ ಕೆಳಗೆ ನುಡಿಸಿ, ಮತ್ತೆ ವೇಗ ಏರಿಸಿದರು. ಅಂದರೆ ನಿಮ್ಮ ನಾಯಕನ ಪ್ರಸಿದ್ಧ ಸೋಲೊವನ್ನು ಒಂದು ಪ್ರವಾಸದಲ್ಲಿ ಇನ್ನೊಬ್ಬರು ನುಡಿಸುತ್ತಿದ್ದರೆ, ಅವರು ದುಡಿಯುತ್ತಿದ್ದ ಪ್ರವಾಸದ ಅತಿ ಪ್ರಸಿದ್ಧ ಸ್ಯಾಕ್ಸೋಫೋನ್ ಸಾಲು ಮತ್ತೊಬ್ಬರದು. ಈ ಕೊಂಡಿಯೇ ನಿಮ್ಮ ಲೇಖನ. ಎರಡೂ ಸಂಗತಿಗಳನ್ನು ಕೈಯಲ್ಲಿಟ್ಟುಕೊಂಡು ನೀವು ಜೋಡಿಸಲಿಲ್ಲ, ಒಂದನ್ನಂತೂ ತಪ್ಪಾಗಿ ಬರೆದು ಕೆಡಿಸಿದಿರಿ.

ಇಲ್ಲಿ ಹಣದ ಪ್ರಶ್ನೆಯೂ ಏಳುತ್ತದೆ, ಅದಕ್ಕೆ ಹೆದರಬೇಡಿ. ‘ರಿಯೋ’ದ ಕರ್ತೃತ್ವ ತಂಡದ ಐವರದು. ಸ್ಟುಡಿಯೋಗೆ ಬಂದು ಹೋಗುವ ವಾದಕನಿಗೆ ಸಾಮಾನ್ಯವಾಗಿ ಸಿಗುವುದು ಆ ದಿನದ ಸಂಭಾವನೆ. ಹಾಡು ರೇಡಿಯೋದಲ್ಲಿ ಬಂದಾಗ ಇಂಥ ವಾದಕರಿಗೂ ಪಾಲು ಸಿಗುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1996ರಲ್ಲಿ. ಕರ್ತೃತ್ವವೇ ಬೇಕೆಂದರೆ ನ್ಯಾಯಾಲಯಕ್ಕೆ ಹೋಗಬೇಕು: ದಿ ಬ್ಲೂಬೆಲ್ಸ್ ತಂಡದ ‘ಯಂಗ್ ಅಟ್ ಹಾರ್ಟ್’ ಹಾಡಿಗೆ ಪಿಟೀಲು ನುಡಿಸಿದ ಬಾಬಿ ವ್ಯಾಲೆಂಟಿನೋ 2002ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಗೆದ್ದು ಸಹಕರ್ತೃ ಎನ್ನಿಸಿಕೊಂಡರು. ಹ್ಯಾಮಿಲ್ಟನ್ ಅವರಿಗೆ ಅನ್ಯಾಯವಾಯಿತೆಂದು ನೀವು ತೀರ್ಪು ಕೊಡಬೇಕಿಲ್ಲ, ಕೊಡಲೂ ಬಾರದು. ಅದಕ್ಕೆ ನಿಮ್ಮ ಬಳಿ ಆಧಾರವಿಲ್ಲ. ಈ ಕಸುಬಿನ ನಿಯಮ ಹೇಗಿತ್ತು ಎಂದು ಹೇಳಿ. ‘ಪಕ್ಕವಾದ್ಯದವರನ್ನು ಯಾರೂ ಗುರುತಿಸುವುದಿಲ್ಲ’ ಎಂಬ ಗೋಳಿಗಿಂತ ಅದು ಹೆಚ್ಚು ಚುಚ್ಚುತ್ತದೆ.

ಎಂಟನೆಯ ಪುಟದಲ್ಲಿ ಒಂದು ಹೆಸರಿನ ಮೆರವಣಿಗೆಯಿದೆ: ಓಎಂಡಿ ತಂಡದ ಮಾರ್ಟಿನ್ ಕೂಪರ್, ಸ್ಪ್ಯಾಂಡಾವ್ ಬ್ಯಾಲೆ ತಂಡದ ಸ್ಟೀವ್ ನಾರ್ಮನ್, ಟಿಯರ್ಸ್ ಫಾರ್ ಫಿಯರ್ಸ್ ತಂಡದ ಜೊತೆ ನುಡಿಸಿದ ವಿಲ್ ಗ್ರೆಗರಿ. ಮೊದಲಿಬ್ಬರು ತಂಡದ ಸದಸ್ಯರೇ ಆಗಿದ್ದವರು. ನಿಮ್ಮ ವಿಷಯಕ್ಕೆ ಹೊರಗಿನವರು. ಮೂರನೆಯವರನ್ನು ಒಂದು ಸಾಲಿನಲ್ಲಿ ಮುಗಿಸಿದ್ದು ಮಾತ್ರ ನನಗೆ ಹೊಟ್ಟೆಯುರಿಸಿತು. 1985ರ ‘ಸಾಂಗ್ಸ್ ಫ್ರಮ್ ದಿ ಬಿಗ್ ಚೇರ್’ ಆಲ್ಬಂನಲ್ಲಿ ಸ್ಯಾಕ್ಸೋಫೋನ್ ಊದಿ, ಆ ತಂಡದೊಂದಿಗೆ ಪ್ರವಾಸವನ್ನೂ ಮಾಡಿದ ಮನುಷ್ಯ ಮುಂದೆ ಅಲಿಸನ್ ಗೋಲ್ಡ್‌ಫ್ರ್ಯಾಪ್ ಜೊತೆ ಗೋಲ್ಡ್‌ಫ್ರ್ಯಾಪ್ ಎಂಬ ಜೋಡಿತಂಡ ಕಟ್ಟಿದರು, ಸ್ಯಾಕ್ಸೋಫೋನಿನಿಂದ ಸಿಂಥಸೈಜರಿಗೆ ಹೊರಳಿದರು, ಮೂಗ್ ಎಂಬ ಹೆಸರಿನ ಸಿಂಥಸೈಜರುಗಳದೇ ಒಂದು ವಾದ್ಯವೃಂದ ಕಟ್ಟಿದರು. ತಮ್ಮದೇ ತಂಡ ಪ್ರವಾಸ ಹೊರಟಾಗ ಬಹುಪಾಲು ಮನೆಯಲ್ಲೇ ಉಳಿದರು! ಅದು ಬೇರೆಯೇ ಲೇಖನ. ಇದು ಮುಗಿದ ಮೇಲೆ ಬೇಕಾದರೆ ಕೇಳಿ, ಮಾತಾಡೋಣ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮಗೆ ಕನ್ನಡ ಚೆನ್ನಾಗಿ ಬರುತ್ತದೆ, ಅದೇ ತೊಂದರೆ. ಗೊತ್ತಿಲ್ಲದ ಕಡೆಯಲ್ಲೆಲ್ಲ ಚೆನ್ನಾಗಿ ಬರೆದು ದಾಟಿಬಿಡುತ್ತೀರಿ. ‘ಮಾಂತ್ರಿಕ’ ಎಂಬ ಶೀರ್ಷಿಕೆ ತೆಗೆಯಿರಿ. ‘ಅವರ ಮನಸ್ಸಿನಲ್ಲಿ ಆ ಕ್ಷಣ ಏನು ಓಡಿತ್ತೋ’ ಎಂದು ಆರಂಭವಾಗುವ ಪ್ಯಾರಾಗಳನ್ನೂ ತೆಗೆಯಿರಿ. ಏನು ಓಡಿತ್ತೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಹನ್ನೊಂದು ಪುಟ ಐದಕ್ಕೆ ಇಳಿಯಲಿ. ವಿಡಿಯೋದಿಂದ ಆರಂಭಿಸಿ, ಸ್ಟುಡಿಯೋಗೆ ಹೋಗಿ, 1984ರ ವೇದಿಕೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಪ್ರತಿ ಹೆಸರು, ಪ್ರತಿ ಇಸವಿ ಎಲ್ಲಿಂದ ಬಂತೆಂದು ಬೇರೆ ಹಾಳೆಯಲ್ಲಿ ನನಗೆ ಬರೆದು ಕಳುಹಿಸಿ. ಅದು ಅಚ್ಚಿಗಲ್ಲ, ನನ್ನ ನಿದ್ದೆಗೆ. ಜಾಲದಿಂದ ಇಳಿಸಿಕೊಂಡ ಫೋಟೋಗಳನ್ನು ಜೊತೆಗಿಡಬೇಡಿ, ಅವುಗಳ ಹಕ್ಕು ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ತಿದ್ದಿದ ಪ್ರತಿಯನ್ನು ಮೊದಲು ನಮಗೇ ಕಳುಹಿಸಬೇಕೆಂಬ ಕಟ್ಟುಪಾಡೇನೂ ಇಲ್ಲ. ಆದರೆ ಇದೇ ಪ್ರತಿಯನ್ನು, ಇಬ್ಬರು ಹ್ಯಾಮಿಲ್ಟನ್‌ರನ್ನು ಒಬ್ಬರನ್ನಾಗಿ ಮಾಡಿರುವುದನ್ನು, ದಯವಿಟ್ಟು ಇನ್ನೊಬ್ಬ ಸಂಪಾದಕರಿಗೆ ಕಳುಹಿಸಬೇಡಿ. ಅವರು ಅಚ್ಚು ಹಾಕಿಬಿಡಬಹುದು.

ಇಂತಿ,
ಸಂಪಾದಕ