ಖಾಲಿ ಸೀಟುಗಳಿಗೆ ತಂಪು ಯಾಕೆ? ಚಿತ್ರಮಂದಿರದ ಎ.ಸಿ. ಖರ್ಚಿನ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮದು ನಾಲ್ಕು ಪರದೆಗಳ ಚಿತ್ರಮಂದಿರ. ಒಂದೊಂದರಲ್ಲೂ 300 ಸೀಟು. ವಾರದ ನಡುವಿನ ದಿನಗಳಲ್ಲಿ ಮ್ಯಾಟಿನಿಗೆ 40 ಜನ ಬಂದರೆ ಅದೇ ಹೆಚ್ಚು. ಆದರೆ ಮೀಟರ್ ನೋಡಿದರೆ ಹೌಸ್‌ಫುಲ್ ದಿನಕ್ಕೂ ಖಾಲಿ ದಿನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎ.ಸಿ. ಹಳೆಯದಾಯಿತು, ಹೊಸದು ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಬೇಕೇ?

ಉತ್ತರ: ಈಗಲೇ ಬೇಡ. ಒಳಗೆ ಎಷ್ಟು ಜನ ಕೂತಿದ್ದಾರೆ ಎಂಬುದು ನಿಮ್ಮ ಯಂತ್ರಕ್ಕೆ ಗೊತ್ತಾಗುತ್ತಿಲ್ಲ. ತೊಂದರೆ ಇರುವುದು ಅಲ್ಲಿ. ಅದನ್ನು ಸರಿಪಡಿಸದೆ ಹೊಸದನ್ನು ತಂದರೆ ಅದೂ ಖಾಲಿ ಸೀಟುಗಳನ್ನೇ ತಂಪು ಮಾಡುತ್ತದೆ, ಕರೆಂಟ್ ಮಾತ್ರ ಸ್ವಲ್ಪ ಕಡಿಮೆ ತಿನ್ನಬಹುದು.

ಸುಮ್ಮನೆ ಕೂತು ಸಿನಿಮಾ ನೋಡುವ ಒಬ್ಬರ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬರುತ್ತದೆ. ಅದರಲ್ಲಿ 70 ವ್ಯಾಟ್‌ನಷ್ಟು ನೇರ ಬಿಸಿ. ಉಳಿದದ್ದು ಉಸಿರು ಮತ್ತು ಬೆವರಿನ ತೇವಾಂಶದ ರೂಪದಲ್ಲಿ. 300 ಜನ ತುಂಬಿದರೆ 30 ಕಿಲೋವ್ಯಾಟ್ ಆಯಿತು. ಒಂದು ಟನ್ ಎ.ಸಿ. ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಹಾಗಾಗಿ ತುಂಬಿದ ಹಾಲ್‌ನಲ್ಲಿ ಪ್ರೇಕ್ಷಕರ ಮೈಬಿಸಿಗೇ ಎಂಟೂವರೆ ಟನ್ ಬೇಕು. 40 ಜನರಿಗಾದರೆ ಒಂದು ಟನ್‌ಗಿಂತ ತುಸು ಹೆಚ್ಚು ಸಾಕು. ಚಿತ್ರಮಂದಿರದ ಹಾಲ್‌ಗೆ ಕಿಟಕಿಗಳಿಲ್ಲ, ಬಿಸಿಲು ಬೀಳುವುದಿಲ್ಲ, ಆಟದ ಹೊತ್ತಿನಲ್ಲಿ ದೀಪಗಳೂ ಆರಿರುತ್ತವೆ. ಅಲ್ಲಿನ ಹೊರೆಯೆಂದರೆ ಮುಖ್ಯವಾಗಿ ಎರಡೇ: ಜನ, ಮತ್ತು ಆ ಜನರಿಗಾಗಿ ಹೊರಗಿನಿಂದ ಎಳೆದುಕೊಳ್ಳುವ ಗಾಳಿ.

ಈ ಎರಡನೆಯದರ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಹೊರಗಾಳಿಯ ಡ್ಯಾಂಪರನ್ನು, ಅಂದರೆ ಒಳಬರುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಕದವನ್ನು, ಕಟ್ಟಡ ಕಟ್ಟಿದಾಗ ಹೌಸ್‌ಫುಲ್ ಲೆಕ್ಕದಲ್ಲಿ ತೆರೆದು ಬೋಲ್ಟ್ ಬಿಗಿದಿರುತ್ತಾರೆ. ಆಮೇಲೆ ಯಾರೂ ಅದನ್ನು ಮುಟ್ಟುವುದಿಲ್ಲ. ಬಿಸಿ, ಒದ್ದೆ ಗಾಳಿಯನ್ನು ಒಳಗೆ ತಂದು, ಅದರ ನೀರಿನಂಶ ಹಿಂಡಿ, ತಂಪು ಮಾಡಿ, ಖಾಲಿ ಸಾಲುಗಳ ಮೇಲೆ ಸುರಿದು, ಮತ್ತೆ ಹೊರಗೆ ಬಿಡುವ ಕೆಲಸ ದಿನವಿಡೀ ನಡೆಯುತ್ತದೆ. ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಆಶ್ರೇ ರೂಪಿಸಿದ 62.1 ಮಾನದಂಡದ ಪ್ರಕಾರ ಇಂಥ ಹಾಲ್‌ಗೆ ಪ್ರತಿ ವ್ಯಕ್ತಿಗೆ ಸೆಕೆಂಡಿಗೆ ಸುಮಾರು 2.5 ಲೀಟರ್, ಜೊತೆಗೆ ನೆಲದ ಪ್ರತಿ ಚದರ ಮೀಟರಿಗೆ 0.3 ಲೀಟರ್ ಹೊರಗಾಳಿ ಬೇಕು. ಹಾಲ್ 400 ಚದರ ಮೀಟರ್ ಇದೆ ಎಂದುಕೊಳ್ಳಿ. 300 ಜನರಿಗೆ ಸೆಕೆಂಡಿಗೆ 870 ಲೀಟರ್. 40 ಜನರಿಗೆ 220. ನಿಮ್ಮ ಮ್ಯಾಟಿನಿಗೆ ಬೇಕಾದದ್ದರ ನಾಲ್ಕು ಪಟ್ಟು ಗಾಳಿಯನ್ನು ನೀವು ಕಾಸು ಕೊಟ್ಟು ತಂಪು ಮಾಡುತ್ತಿದ್ದೀರಿ.

ಪರಿಹಾರ ದೊಡ್ಡದಲ್ಲ. ಹಾಲ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರ್, ಡ್ಯಾಂಪರಿಗೊಂದು ಮೋಟಾರು. ಹೊರಗಿನ ಗಾಳಿಯಲ್ಲಿ ಈ ಅನಿಲ 420 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 420 ಭಾಗ) ಆಸುಪಾಸಿನಲ್ಲಿರುತ್ತದೆ. ಜನ ಹೆಚ್ಚಿದಂತೆ ಅವರ ಉಸಿರಿನಿಂದ ಒಳಗೆ ಏರುತ್ತದೆ. 1,000 ಪಿಪಿಎಂ ಸಮೀಪಿಸಿದಾಗ ಡ್ಯಾಂಪರ್ ತೆರೆದುಕೊಳ್ಳುವಂತೆ, ಇಳಿದಾಗ ಕನಿಷ್ಠ ಮಟ್ಟಕ್ಕೆ ಬರುವಂತೆ ಹೊಂದಿಸಿದರಾಯಿತು. ಸೆನ್ಸರನ್ನು ಕೂತವರ ಉಸಿರಿನ ಎತ್ತರದಲ್ಲಿ, ತಂಪು ಗಾಳಿ ಬರುವ ಗ್ರಿಲ್‌ನಿಂದ ದೂರ ಹಾಕಿಸಿ. ತಯಾರಕರು ಹೇಳಿದ ಅವಧಿಗೆ ಪರೀಕ್ಷೆ ಮಾಡಿಸಿ. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಆಟ ನಡೆಯುತ್ತಿರುವಾಗ ಉಳಿತಾಯದ ಆಸೆಗೆ ಡ್ಯಾಂಪರನ್ನು ಪೂರ್ತಿ ಮುಚ್ಚಬೇಡಿ. ಹತ್ತೇ ಜನ ಇದ್ದರೂ ಅವರಿಗೆ ಶುದ್ಧ ಗಾಳಿಯ ಹಕ್ಕಿದೆ.

ಇನ್ನು ಬ್ಲೋವರ್, ಅಂದರೆ ತಂಪು ಗಾಳಿಯನ್ನು ಹಾಲ್‌ಗೆ ತಳ್ಳುವ ಫ್ಯಾನ್. ಕಂಪ್ರೆಸರ್ ಆಗಾಗ ನಿಂತು ವಿಶ್ರಾಂತಿ ತೆಗೆದುಕೊಳ್ಳುತ್ತದೆ, ಬ್ಲೋವರ್ ಬೆಳಗಿನಿಂದ ರಾತ್ರಿಯವರೆಗೆ ಒಂದೇ ವೇಗದಲ್ಲಿ ತಿರುಗುತ್ತದೆ. ಫ್ಯಾನಿನ ವೇಗ ತಗ್ಗಿಸಿದರೆ ಅದು ತಿನ್ನುವ ವಿದ್ಯುತ್ ವೇಗದ ಘನದ ಪ್ರಮಾಣದಲ್ಲಿ ಇಳಿಯುತ್ತದೆ. ಶೇ 80ರ ವೇಗದಲ್ಲಿ ಓಡಿಸಿದರೆ ಲೆಕ್ಕದ ಪ್ರಕಾರ ಅರ್ಧದಷ್ಟು ವಿದ್ಯುತ್ ಸಾಕು. ಶೇ 60ರಲ್ಲಿ ಶೇ 22ರಷ್ಟು. ಡ್ರೈವ್ ಮತ್ತು ಮೋಟಾರಿನ ನಷ್ಟ ಕಳೆದರೆ ಉಳಿತಾಯ ಇದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ, ಆದರೂ ಇಷ್ಟು ಬೇಗ ಹಾಕಿದ ಹಣ ಹಿಂದಿರುಗಿಸುವ ಕೆಲಸ ಇನ್ನೊಂದು ಸಿಗುವುದು ಕಷ್ಟ. ವೇಗ ನಿಯಂತ್ರಿಸುವ ವಿಎಫ್‌ಡಿ ಹಾಕಿಸಿದರೆ ಹಾಲ್ ಇನ್ನಷ್ಟು ನಿಶ್ಶಬ್ದವೂ ಆಗುತ್ತದೆ. ಪಿಸುಮಾತಿನ ದೃಶ್ಯದಲ್ಲಿ ಬ್ಲೋವರ್ ಸದ್ದು ಕೇಳುವ ಚಿತ್ರಮಂದಿರಗಳಿಗೆ ಇದೂ ಒಂದು ಲಾಭವೇ. ಆದರೆ ಗ್ಯಾಸ್ ನೇರವಾಗಿ ಕಾಯಿಲ್‌ಗೆ (ಗಾಳಿಯನ್ನು ತಣಿಸುವ ಕೊಳವೆ ಸುರುಳಿಗೆ) ಬರುವ ಪ್ಯಾಕೇಜ್ ಯಂತ್ರಗಳಲ್ಲಿ ಗಾಳಿ ತೀರಾ ಕಡಿಮೆಯಾದರೆ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ಬ್ಲೋವರ್ ಜೊತೆಗೆ ಕಂಪ್ರೆಸರ್ ಕೂಡ ಹಂತಹಂತವಾಗಿ ಇಳಿಯುವಂತಿರಬೇಕು, ವೇಗಕ್ಕೊಂದು ಕನಿಷ್ಠ ಮಿತಿ ಇರಬೇಕು. ಮೆಕ್ಯಾನಿಕ್ ಇದನ್ನು ಹೇಳದಿದ್ದರೆ ನೀವೇ ಕೇಳಿ.

ನಿಮ್ಮ ಬಿಲ್ಲಿನಲ್ಲಿ ಯೂನಿಟ್ ಖರ್ಚಿನ ಜೊತೆಗೆ ಗರಿಷ್ಠ ಬೇಡಿಕೆಯ ಶುಲ್ಕವೂ (ತಿಂಗಳಲ್ಲಿ ಒಮ್ಮೆಗೆ ಎಳೆದ ಅತಿ ಹೆಚ್ಚು ವಿದ್ಯುತ್ತಿನ ಮೇಲೆ ಹಾಕುವುದು) ಇದ್ದರೆ, ನಾಲ್ಕೂ ಹಾಲ್‌ಗಳ ಯಂತ್ರಗಳನ್ನು ಬೆಳಿಗ್ಗೆ ಒಟ್ಟಿಗೆ ಚಾಲೂ ಮಾಡುವುದನ್ನು ನಿಲ್ಲಿಸಿ. ಕಾದ ಹಾಲ್‌ಗಳನ್ನು ಒಮ್ಮೆಲೇ ತಣಿಸುವ ಆ ಕೆಲವು ನಿಮಿಷಗಳು ಇಡೀ ತಿಂಗಳ ಶುಲ್ಕವನ್ನು ನಿರ್ಧರಿಸಬಹುದು. ಆಟದ ವೇಳೆಗಳನ್ನು ನೋಡಿಕೊಂಡು ಒಂದಾದ ಮೇಲೊಂದು ಹಚ್ಚಿ.

ಇಷ್ಟೆಲ್ಲ ಆದಮೇಲೂ ಯಂತ್ರ ಬದಲಿಸಬೇಕೆನಿಸಿದರೆ ಬದಲಿಸಿ. ಹಳೆಯದು ಎಷ್ಟು ಟನ್ ಇತ್ತೋ ಅಷ್ಟೇ ಕೊಡಿ ಎಂದು ಮಾತ್ರ ಕೇಳಬೇಡಿ, ಹೊಸದಾಗಿ ಲೆಕ್ಕ ಹಾಕಿಸಿ.

ಪ್ರಶ್ನೆ: ಥರ್ಮೋಸ್ಟಾಟ್ 21 ಡಿಗ್ರಿಗೆ ಇಟ್ಟರೆ ಮುಂದಿನ ಸಾಲಿನವರು ಚಳಿ ಎನ್ನುತ್ತಾರೆ, ಬಾಲ್ಕನಿಯವರು ಸೆಖೆ ಎನ್ನುತ್ತಾರೆ. ಇಳಿಸಿದರೂ ದೂರು, ಏರಿಸಿದರೂ ದೂರು.

ಉತ್ತರ: ಥರ್ಮೋಸ್ಟಾಟ್ ಎಲ್ಲಿದೆ ಎಂದು ಮೊದಲು ನೋಡಿ. ಬಾಗಿಲ ಪಕ್ಕದ ಗೋಡೆಯಲ್ಲೋ, ಮೇಲ್ಗಡೆಯ ರಿಟರ್ನ್ ಡಕ್ಟ್‌ನಲ್ಲೋ (ಗಾಳಿ ಯಂತ್ರಕ್ಕೆ ಮರಳುವ ಕೊಳವೆಯಲ್ಲೋ) ಇದ್ದರೆ ಅದು ಪ್ರೇಕ್ಷಕರ ಉಷ್ಣಾಂಶವನ್ನು ಹೇಳುತ್ತಿಲ್ಲ. ಬಿಸಿ ಗಾಳಿ ಮೇಲೇರಿ ಚಾವಣಿಯ ಕೆಳಗೆ ಕೂರುತ್ತದೆ, ಬಾಲ್ಕನಿ ಇರುವುದೂ ಅಲ್ಲೇ. ತುಂಬಿದ ಆಟವೊಂದರಲ್ಲಿ ಕೈಯಲ್ಲಿ ಹಿಡಿಯುವ ಮಾಪಕದಿಂದ ಮುಂದಿನ, ನಡುವಿನ, ಹಿಂದಿನ ಸಾಲುಗಳಲ್ಲಿ ಉಷ್ಣಾಂಶ, ತೇವಾಂಶ ಎರಡನ್ನೂ ಬರೆದುಕೊಳ್ಳಿ. ಆ ಮೂರು ಜೋಡಿ ಅಂಕಿಗಳು ಕೈಗೆ ಬಂದಮೇಲೆ ಗ್ರಿಲ್‌ಗಳನ್ನು ತಿರುಗಿಸಿ ಗಾಳಿಯನ್ನು ಹಂಚುವುದು ಸುಲಭ.

ಎಷ್ಟೋ ಕಡೆ ಸೆಖೆಯ ಮೂಲ ತೇವಾಂಶ. ಅಗತ್ಯಕ್ಕಿಂತ ದೊಡ್ಡ ಯಂತ್ರ ಹಾಲನ್ನು ಬೇಗ ತಣಿಸಿ ನಿಂತುಬಿಡುತ್ತದೆ. ಗಾಳಿಯಲ್ಲಿನ ನೀರನ್ನು ಹಿಂಡುವಷ್ಟು ಹೊತ್ತು ಓಡುವುದೇ ಇಲ್ಲ. ಜನರಿಗೆ ಅಂಟಂಟು ಅನಿಸುತ್ತದೆ, ಸಿಬ್ಬಂದಿ ಇನ್ನೊಂದು ಡಿಗ್ರಿ ಇಳಿಸುತ್ತಾರೆ, ಅಂಟು ಹಾಗೇ ಉಳಿದು ಚಳಿಯೂ ಸೇರಿಕೊಳ್ಳುತ್ತದೆ. ತೇವಾಂಶ ಶೇ 50ರಿಂದ 60ರೊಳಗೆ ನಿಂತರೆ 24 ಡಿಗ್ರಿಯಲ್ಲೂ ಜನ ಹಾಯಾಗಿ ಕೂರುತ್ತಾರೆ. ಥರ್ಮೋಸ್ಟಾಟನ್ನು ಒಂದು ಡಿಗ್ರಿ ಏರಿಸಿದರೆ ತಂಪಿನ ಖರ್ಚು ಸಾಮಾನ್ಯವಾಗಿ ಶೇ 3ರಿಂದ 6ರಷ್ಟು ಇಳಿಯುತ್ತದೆ. ಮೂರು ಡಿಗ್ರಿಗೆ ಎಷ್ಟಾಯಿತು ನೋಡಿ.

ಹಾಲನ್ನು ಪೂರ್ತಿ ನವೀಕರಿಸುವ ಯೋಜನೆಯಿದ್ದರೆ ಸೀಟುಗಳ ಕೆಳಗಿನಿಂದ 18ರಿಂದ 20 ಡಿಗ್ರಿಯ ಗಾಳಿಯನ್ನು ನಿಧಾನವಾಗಿ ಬಿಡುವ ಪದ್ಧತಿಯನ್ನು ಪರಿಗಣಿಸಿ. ಮೈಬಿಸಿಗೆ ಗಾಳಿ ತಾನೇ ಮೇಲೇರುತ್ತದೆ, ಎತ್ತರದ ಚಾವಣಿಯವರೆಗಿನ ಜಾಗವನ್ನೆಲ್ಲ ತಣಿಸಬೇಕಾಗಿಲ್ಲ. ಇದರ ಹಿಂದೆ ಒಂದು ಇತಿಹಾಸವಿದೆ. ಹವಾನಿಯಂತ್ರಣದ ಆರಂಭದ ದಿನಗಳಲ್ಲಿ ಥಿಯೇಟರುಗಳು ನೆಲದಿಂದಲೇ ಕೊರೆಯುವ ಗಾಳಿ ಬಿಡುತ್ತಿದ್ದವು. ಪ್ರೇಕ್ಷಕರು ಕಾಲಿಗೆ ಪತ್ರಿಕೆ ಸುತ್ತಿಕೊಂಡು ಕೂರುತ್ತಿದ್ದರಂತೆ. ಅಮೆರಿಕದ ಹವಾನಿಯಂತ್ರಣ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ಅದನ್ನು ತಿರುಗಿಸಿ, ತಂಪನ್ನು ಮೇಲಿನಿಂದ ಇಳಿಸಿ ಕೆಳಗಿನಿಂದ ಹಿಂದಕ್ಕೆಳೆದರು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಥಿಯೇಟರಿನಲ್ಲಿ ಅವರ ಯಂತ್ರ ಹೆಸರು ಮಾಡಿದ ಮೇಲೆ ಬೇಸಿಗೆಯಲ್ಲೂ ಜನ ಸಿನಿಮಾಕ್ಕೆ ಬರತೊಡಗಿದರು. ಈಗ ಮತ್ತೆ ಕೆಳಗಿನಿಂದ ಗಾಳಿ ಬಿಡಲು ಸಾಧ್ಯವಾಗಿರುವುದು ಅದು ಹಿತವಾಗಿ, ಮೆಲ್ಲಗೆ ಬರುವುದರಿಂದ. ಹಳೆಯ ಡಕ್ಟ್‌ನ 13 ಡಿಗ್ರಿ ಗಾಳಿಯನ್ನೇ ಸೀಟಿನಡಿಗೆ ತಿರುಗಿಸಿದರೆ ಹಳೆಯ ಕಷ್ಟವೇ ಮರಳಿ ಬರುತ್ತದೆ.

ಪ್ರಶ್ನೆ: ನಮ್ಮದು ಚಳಿ ಪ್ರದೇಶ. ಚಳಿಗಾಲದಲ್ಲಿ ಹಾಲ್ ಬೆಚ್ಚಗಿಡುವ ಖರ್ಚೇ ದೊಡ್ಡದು.

ಉತ್ತರ: ಹಾಲ್ ಬೆಚ್ಚಗಾಗಬೇಕಿರುವುದು ಜನ ಬರುವವರೆಗೆ. 200 ಜನ ಕೂತರೆ, ಅವರ ನೇರ ಬಿಸಿಯನ್ನಷ್ಟೇ ಲೆಕ್ಕ ಹಾಕಿದರೂ, 14 ಕಿಲೋವ್ಯಾಟ್‌ನ ಹೀಟರ್ ಒಳಗೆ ಬಂದಂತೆಯೇ. ಆದ್ದರಿಂದ ಆಟಕ್ಕೆ ಮುನ್ನ 18–19 ಡಿಗ್ರಿಗೆ ತಂದು ನಿಲ್ಲಿಸಿ, ಉಳಿದದ್ದನ್ನು ಪ್ರೇಕ್ಷಕರಿಗೆ ಬಿಡಿ. ಹಾಗೆ ಬೆಚ್ಚಗಾಗಿಸುವ ಹೊತ್ತಿನಲ್ಲಿ ಹಾಲ್‌ನಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಹೊರಗಾಳಿ ಬೇಡ, ಒಳಗಿನದೇ ಸುತ್ತಲಿ. ಹಾಲ್ ತುಂಬಿದ ಮೇಲೆ ಚಳಿಗಾಲದಲ್ಲೂ ತಂಪು ಬೇಕಾಗಬಹುದು. ಹೊರಗೆ 10 ಡಿಗ್ರಿ ಇರುವಾಗ ಅದಕ್ಕೆ ಕಂಪ್ರೆಸರ್ ಓಡಿಸುವುದು ಶುದ್ಧ ನಷ್ಟ. ಹೊರಗಾಳಿಯನ್ನೇ ಹದವಾಗಿ ಬೆರೆಸಿದರೆ ಸಾಕು.

ನಿಮ್ಮ ಬಿಲ್ಲಿನಲ್ಲಿ ನನಗೆ ಹೆಚ್ಚು ಅನುಮಾನ ಇರುವುದು ಬೇರೆ ಕಡೆ. ಲಾಬಿಯ ಹೀಟರ್ 23 ಡಿಗ್ರಿಗೆ ಹೆಣಗುತ್ತಿರುವಾಗ ಪಕ್ಕದ ಹಾಲ್‌ನ ಎ.ಸಿ. 22ಕ್ಕೆ ಹೆಣಗುತ್ತಿರುತ್ತದೆ, ನಡುವಿನ ಬಾಗಿಲು ತೆರೆದೇ ಇರುತ್ತದೆ. ಬಿಸಿ ಮಾಡುವ ಗುರಿಯನ್ನು ತಂಪು ಮಾಡುವ ಗುರಿಗಿಂತ ಕನಿಷ್ಠ 3 ಡಿಗ್ರಿ ಕೆಳಗಿಡಿ. ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಶಾಖ ವಿನಿಮಯ ಚಕ್ರಕ್ಕೆ ಜಾಗವಿದ್ದರೆ ಹಾಕಿಸಿ. ಹಳೆಯ ಹೀಟರ್ ಕೈಕೊಟ್ಟಾಗ ಹೀಟ್ ಪಂಪ್‌ಗೆ ಹೋಗಿ. ಹವೆ ತೀರಾ ಕೊರೆಯುವಷ್ಟಿಲ್ಲದಿದ್ದರೆ ಅದು ಒಂದು ಯೂನಿಟ್ ವಿದ್ಯುತ್ತಿಗೆ ಮೂರರಷ್ಟು ಶಾಖ ಕೊಡುತ್ತದೆ.

ಪ್ರಶ್ನೆ: ಲೇಸರ್ ಪ್ರೊಜೆಕ್ಟರ್ ತಂದರೆ ಎ.ಸಿ. ಖರ್ಚೂ ಇಳಿಯುತ್ತದೆಯೇ?

ಉತ್ತರ: ಇಳಿಯುತ್ತದೆ, ಆದರೆ ಅದೊಂದಕ್ಕಾಗಿಯೇ ತರಬೇಡಿ. ಹಳೆಯ ಪ್ರೊಜೆಕ್ಟರಿನ ಕ್ಸೆನಾನ್ ದೀಪ ಹಲವು ಕಿಲೋವ್ಯಾಟ್ ತಿನ್ನುತ್ತದೆ. ಅದರ ಬಿಸಿಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಫ್ಯಾನ್ ನೀವು ತಣಿಸಿದ ಗಾಳಿಯನ್ನೂ ಜೊತೆಗೇ ಎಳೆದೊಯ್ಯುತ್ತದೆ. ಲೇಸರ್ ಹಾಕಿದ ಮೇಲೆ, ತಯಾರಕರ ಅಗತ್ಯ ನೋಡಿಕೊಂಡು ಆ ಫ್ಯಾನನ್ನು ತಗ್ಗಿಸಬೇಕು. ಅದನ್ನು ಹಾಗೇ ಬಿಟ್ಟರೆ ಲಾಭದ ಒಂದು ಪಾಲು ಕೊಳವೆಯಲ್ಲೇ ಹೋಗುತ್ತದೆ.

ಪ್ರಶ್ನೆ: ಸದ್ಯ ಕೈಯಲ್ಲಿ ಹಣವಿಲ್ಲ. ಏನು ಮಾಡಬಹುದು?

ಉತ್ತರ: ಫಿಲ್ಟರ್ ತೊಳೆಯಿರಿ ಅಥವಾ ಬದಲಿಸಿ, ಹೊರಗಿನ ಕಂಡೆನ್ಸರ್ ಕಾಯಿಲ್‌ನ ಧೂಳು ತೆಗೆಸಿ. ಪಾಪ್‌ಕಾರ್ನ್ ಕೌಂಟರಿನ ಎಕ್ಸಾಸ್ಟ್ ಅಗತ್ಯವಿದ್ದಾಗ ಮಾತ್ರ ಓಡಲಿ. ಅದು ಎಷ್ಟು ಗಾಳಿ ಎಳೆಯುತ್ತದೋ ಅಷ್ಟು ಬಿಸಿ ಗಾಳಿ ಮುಂಬಾಗಿಲಿನಿಂದ ಲಾಬಿಗೆ ನುಗ್ಗುತ್ತದೆ. ಯಾವ ಆಟಕ್ಕೆ ಎಷ್ಟು ಟಿಕೆಟ್ ಹೋಗಿದೆ ಎಂಬುದು ಬುಕಿಂಗ್‌ನಲ್ಲೇ ಇರುತ್ತದೆ. ಒಂದೂ ಹೋಗದ ಆಟದ ಹಾಲನ್ನು ಮುಂಚಿತವಾಗಿ ತಣಿಸಬೇಡಿ. ಕಡಿಮೆ ಜನರ ಆಟಗಳನ್ನು ಚಿಕ್ಕ ಹಾಲ್‌ಗೆ ಬದಲಿಸಿ. ಕೊನೆಯ ಆಟ ಮುಗಿಯುವ ಸ್ವಲ್ಪ ಮುಂಚೆ ಕಂಪ್ರೆಸರ್ ನಿಲ್ಲಿಸಿ ಬ್ಲೋವರ್ ಮಾತ್ರ ಓಡಿಸಿದರೂ ತಂಪು ಉಳಿದಿರುತ್ತದೆ.

ಆಮೇಲೆ ಒಂದು ರಾತ್ರಿ, ಎಲ್ಲರೂ ಹೋದ ಮೇಲೆ ಮೀಟರ್ ಓದಿ, ಬೆಳಿಗ್ಗೆ ಬಾಗಿಲು ತೆಗೆಯುವ ಮುನ್ನ ಮತ್ತೆ ಓದಿ. ಫ್ರಿಜ್, ಸರ್ವರ್, ಕಾವಲಿನ ದೀಪಗಳಿಗೆ ಹೋಗುವುದನ್ನು ಅಂದಾಜಿಸಿ ಕಳೆಯಿರಿ. ಅದಕ್ಕಿಂತ ಬಹಳ ಹೆಚ್ಚು ಓಡಿದ್ದರೆ ಯಾವುದೋ ಬ್ಲೋವರ್ ರಾತ್ರಿಯಿಡೀ ತಿರುಗುತ್ತಿದೆ. ಮರುರಾತ್ರಿ ಟಾರ್ಚ್ ಹಿಡಿದು ಮಹಡಿಗೆ ಹೋಗಿ, ಒಂದೊಂದೇ ಯಂತ್ರದ ಬಳಿ ನಿಂತು ಕೇಳಿಸಿಕೊಳ್ಳಿ. ಓಡುತ್ತಿರುವುದು ಯಾವುದೆಂದು ಅಲ್ಲೇ ತಿಳಿಯುತ್ತದೆ.