ಬ್ಯಾಗ್‌ಪೈಪ್ ಕಲಿಯಲು ಮೊದಲು ಏನು ಕೊಳ್ಳಬೇಕು?

ಪ್ರಶ್ನೆ: ಉದ್ಯೋಗದ ನಿಮಿತ್ತ ಗ್ಲಾಸ್ಗೋದಲ್ಲಿ ನೆಲೆಸಿರುವ ನನಗೆ 43 ವರ್ಷ. ಮೈಸೂರಿನಲ್ಲಿ ಶಾಲೆಗೆ ಹೋಗುತ್ತಿದ್ದಾಗ ಕರ್ನಾಟಕ ಶೈಲಿಯ ಕೊಳಲನ್ನು ಕೆಲವು ವರ್ಷ ಕಲಿತಿದ್ದೆ. ಗ್ಲಾಸ್ಗೋ ಗ್ರೀನ್ ಮೈದಾನದಲ್ಲಿ ವಿಶ್ವ ಪೈಪ್ ಬ್ಯಾಂಡ್ ಸ್ಪರ್ಧೆಯನ್ನು ನೋಡಿದಂದಿನಿಂದ ಬ್ಯಾಗ್‌ಪೈಪ್ ಕಲಿಯಬೇಕೆನಿಸಿದೆ. ಅಂತರಜಾಲದಲ್ಲಿ 150 ಪೌಂಡ್‌ಗೆ ಪೂರ್ಣ ವಾದ್ಯವೇ ಸಿಗುತ್ತಿದೆ, ಕೊಳ್ಳಬಹುದೇ? ಕೊಳಲಿನ ಅಭ್ಯಾಸ ನೆರವಾಗುತ್ತದೆಯೇ? ಫ್ಲ್ಯಾಟ್‌ನಲ್ಲಿ ನುಡಿಸಿದರೆ ನೆರೆಯವರಿಗೆ ತೊಂದರೆಯಾಗುವುದಿಲ್ಲವೇ?

ಉತ್ತರ: ದಯವಿಟ್ಟು ಕೊಳ್ಳಬೇಡಿ. ಆ ಬೆಲೆಯ ಸೆಟ್‌ಗಳಲ್ಲಿ ಹೆಚ್ಚಿನವು ಗೋಡೆಯ ಅಲಂಕಾರಕ್ಕಷ್ಟೇ ಸರಿ. ಚೀಲದಿಂದ ಗಾಳಿ ಸೋರುತ್ತದೆ, ನಾದ ಹುಟ್ಟಿಸುವ ರೀಡ್‌ಗಳು ಶ್ರುತಿಯಲ್ಲಿ ನಿಲ್ಲುವುದಿಲ್ಲ, ತಪ್ಪು ತನ್ನದೋ ವಾದ್ಯದ್ದೋ ಎಂದು ತಿಳಿಯದೆ ಹೊಸಬರು ಕೈಬಿಡುತ್ತಾರೆ. ಒಳ್ಳೆಯ ಹೊಸ ವಾದ್ಯಕ್ಕೆ ಸಾವಿರ ಪೌಂಡ್‌ಗೂ ಹೆಚ್ಚು ಬೇಕಾಗುತ್ತದೆ. ಆದರೆ ಆ ಖರ್ಚು ನಿಮಗೆ ಈಗಲೇ ಬರುವುದಿಲ್ಲ, ಏಕೆಂದರೆ ಸ್ಕಾಟ್ಲೆಂಡಿನಲ್ಲಿ ಪಾಠ ಆರಂಭವಾಗುವುದು ಪ್ರಾಕ್ಟೀಸ್ ಚಾಂಟರ್ ಎಂಬ, ಚೀಲವೂ, ಒಂದೇ ಸ್ವರವನ್ನು ಸತತವಾಗಿ ಹಿಡಿಯುವ ಡ್ರೋನ್ ಕೊಳವೆಗಳೂ ಇಲ್ಲದೆ ನೇರವಾಗಿ ಬಾಯಿಂದ ಊದುವ ಕೊಳವೆಯಿಂದ. ಅದರಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಬೆರಳು ಪಳಗಿದ ನಂತರವೇ ಚೀಲದ ಮಾತು. ಕೊಳ್ಳುವಾಗ ಉದ್ದನೆಯ ಮಾದರಿಯನ್ನೇ ಆರಿಸಿಕೊಳ್ಳಿ, ಅದರ ರಂಧ್ರಗಳ ಅಂತರವು ನಿಜವಾದ ವಾದ್ಯಕ್ಕೆ ಹತ್ತಿರವಾಗಿರುತ್ತದೆ. ಇದರ ಸದ್ದು ಮೆಲುವಾದ್ದರಿಂದ ನೆರೆಯವರ ಚಿಂತೆಯೂ ಸದ್ಯಕ್ಕೆ ಬೇಡ. ಪೂರ್ಣ ವಾದ್ಯದ ಸದ್ದಾದರೋ 100 ಡೆಸಿಬೆಲ್ ದಾಟಬಲ್ಲದು. ಅದನ್ನು ಫ್ಲ್ಯಾಟ್‌ನಲ್ಲಿ ನುಡಿಸುವುದು ಸಾಧ್ಯವೇ ಇಲ್ಲ, ಕಿವಿಗೆ ಪ್ಲಗ್ ಹಾಕಿಕೊಳ್ಳುವುದೂ ಒಳ್ಳೆಯದು.

ಕೊಳಲಿನ ಅಭ್ಯಾಸದಲ್ಲಿ ನಿಮಗೆ ಒದಗಿಬರುವುದು ಕಿವಿ. ಚಾಂಟರಿನಲ್ಲಿ, ಅಂದರೆ ಬೆರಳಾಡಿಸುವ ಕೊಳವೆಯಲ್ಲಿ, ಇರುವುದು ಒಂಬತ್ತೇ ಸ್ವರಗಳು. ಪಾಶ್ಚಾತ್ಯ ಹೆಸರಿನ ಕೆಳಗಿನ ಎ (A) ಸ್ವರವನ್ನು ಷಡ್ಜವೆಂದು ಹಿಡಿದರೆ, ಅವು ಮಂದ್ರ ನಿಷಾದದಿಂದ ತಾರ ಷಡ್ಜದವರೆಗೆ ಹೆಚ್ಚುಕಡಿಮೆ ಹರಿಕಾಂಭೋಜಿಯ ಸ್ವರಸ್ಥಾನಗಳಲ್ಲಿಯೇ ನಿಲ್ಲುತ್ತವೆ. ಮೂರು ಡ್ರೋನ್‌ಗಳೂ ಹಿಡಿಯುವುದು ಷಡ್ಜವನ್ನೇ: ಎರಡು ಒಂದು ಸ್ಥಾಯಿ ಕೆಳಗೆ, ಮೂರನೆಯದು ಎರಡು ಸ್ಥಾಯಿ ಕೆಳಗೆ. ಶ್ರುತಿಪೆಟ್ಟಿಗೆಯ ಜೊತೆ ಬೆಳೆದವರಿಗೆ ಇದು ಹೊಸತೇನಲ್ಲ, ಪಂಚಮವಿಲ್ಲ ಎಂಬುದನ್ನು ಬಿಟ್ಟರೆ.

ತೊಡಕಿರುವುದು ಬೆರಳು ಮತ್ತು ಉಸಿರಿನಲ್ಲಿ. ಕೊಳಲಿನಲ್ಲಿ ನೀವು ಉಸಿರು ತಡೆದರೆ ನಾದ ನಿಲ್ಲುತ್ತದೆ, ಮೆಲ್ಲಗೆ ಊದಿದರೆ ಮೆದುವಾಗುತ್ತದೆ. ಬ್ಯಾಗ್‌ಪೈಪಿನಲ್ಲಿ ಒಮ್ಮೆ ಹೊರಟ ನಾದಕ್ಕೆ ನಡುವೆ ಮೌನವಿಲ್ಲ, ಏರಿಳಿತವಿಲ್ಲ. ಒಂದೇ ಸ್ವರವನ್ನು ಎರಡು ಬಾರಿ ಕೇಳಿಸಬೇಕಾದರೂ ನಡುವೆ ಬೇರೊಂದು ಸ್ವರವನ್ನು ಮಿಂಚಿನಂತೆ ತೂರಿಸಿ ಅದನ್ನು ಕತ್ತರಿಸಬೇಕು. ಇದಕ್ಕೆ ಗ್ರೇಸ್ ನೋಟ್ ಎನ್ನುತ್ತಾರೆ. ಎಡಗೈ ತೋರುಬೆರಳನ್ನು ಎತ್ತಿ ತಕ್ಷಣ ಇಳಿಸುವ ಜಿ ಗ್ರೇಸ್ ನೋಟ್ ಸಾಮಾನ್ಯವಾಗಿ ಮೊದಲ ಪಾಠ. ಡಬ್ಲಿಂಗ್, ಗ್ರಿಪ್, ಬರ್ಲ್, ತಾರ್‌ಲುವಾ ಮೊದಲಾದವೆಲ್ಲ ಇಂತಹ ಕಿರುಸ್ವರಗಳ ಜೋಡಣೆಗಳೇ. ಕಲಿಯುವವರು ರಾಗದ ಹಿಂದೆ ಓಡಿ ಇವನ್ನು ಅವಸರದಲ್ಲಿ ಮುಗಿಸುತ್ತಾರೆ, ಅಂಥವರ ವಾದನ ಎಷ್ಟು ವರ್ಷವಾದರೂ ಕಲಸಿಹೋದಂತೆಯೇ ಕೇಳಿಸುತ್ತದೆ.

ಇನ್ನೊಂದು ಪರೀಕ್ಷೆಯನ್ನು ನೀವೇ ಮಾಡಿ ನೋಡಬಹುದು. ಡಿ ಸ್ವರದಿಂದ ಇ ಸ್ವರಕ್ಕೆ ಹೋಗುವಾಗ ಬಲಗೈಯ ಮೂರು ಬೆರಳುಗಳು ಮುಚ್ಚಬೇಕು, ಅದೇ ಕೈಯ ಕಿರುಬೆರಳು ಏಳಬೇಕು, ಎಡಗೈಯ ಉಂಗುರಬೆರಳೂ ಏಳಬೇಕು. ಈ ಐದೂ ಒಂದೇ ಕ್ಷಣದಲ್ಲಿ ಆಗದೆ ಎಡಗೈ ತುಸು ತಡವಾದರೆ, ನಡುವೆ ಕೆಳಗಿನ ಸ್ವರವೊಂದು ಕಿರುಗುಟ್ಟಿ ಇಣುಕುತ್ತದೆ. ಗುರುಗಳು ಇದನ್ನು ಕ್ರಾಸಿಂಗ್ ನಾಯ್ಸ್ ಎಂದು ಕರೆಯುತ್ತಾರೆ, ಯಾರೂ ಅದನ್ನು ಕ್ಷಮಿಸುವುದಿಲ್ಲ. ರಂಧ್ರವನ್ನು ಅರ್ಧ ತೆರೆದು ಗಮಕ ಹುಟ್ಟಿಸುವ ನಿಮ್ಮ ಹಳೆಯ ಅಭ್ಯಾಸವನ್ನೂ ಸದ್ಯಕ್ಕೆ ಬದಿಗಿಡಿ. ಇಲ್ಲಿ ಬೆರಳು ಚಪ್ಪಟೆಯಾಗಿ ಕೂರಬೇಕು, ತೆರೆದರೆ ಪೂರ್ತಿ ತೆರೆಯಬೇಕು.

ಗುರುವಿಲ್ಲದೆ ವಿಡಿಯೊ ನೋಡಿ ಕಲಿಯಲು ಹೊರಡಬೇಡಿ, ಏಕೆಂದರೆ ಈ ತಪ್ಪುಗಳು ನುಡಿಸುವವರ ಕಿವಿಗೆ ಬೀಳುವುದೇ ಇಲ್ಲ. ನೀವಿರುವ ಊರಿನಲ್ಲಿಯೇ 1996ರಲ್ಲಿ ಆರಂಭವಾದ ನ್ಯಾಷನಲ್ ಪೈಪಿಂಗ್ ಸೆಂಟರ್ ಇದೆ, ಅಲ್ಲಿ ವಯಸ್ಕ ಆರಂಭಿಕರಿಗೂ ಪಾಠವಿರುತ್ತದೆ. ಮುಂದೆ ತಮ್ಮ ಬ್ಯಾಂಡಿಗೆ ಸೇರಲಿ ಎಂಬ ಆಸೆಯಿಂದ ಹೊಸಬರಿಗೆ ಕಡಿಮೆ ಶುಲ್ಕಕ್ಕೆ ಅಥವಾ ಉಚಿತವಾಗಿಯೇ ಕಲಿಸುವ ಸ್ಥಳೀಯ ಪೈಪ್ ಬ್ಯಾಂಡ್‌ಗಳೂ ಉಂಟು. ನಲವತ್ಮೂರು ತಡವಾದ ವಯಸ್ಸೇನಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ತಪ್ಪದೆ ಕುಳಿತರೆ, ವಾರಕ್ಕೊಮ್ಮೆ ಮೂರು ಗಂಟೆ ಕೂರುವುದಕ್ಕಿಂತ ಹೆಚ್ಚು ಫಲವಿದೆ.

ಚೀಲ ಕಂಕುಳಿಗೆ ಬಂದಾಗ ಮತ್ತೊಂದು ಪಾಠ ಶುರುವಾಗುತ್ತದೆ. ಊದುವಾಗ ತೋಳನ್ನು ಸಡಿಲಿಸಿ, ಉಸಿರು ಎಳೆದುಕೊಳ್ಳುವಾಗ ಚೀಲವನ್ನು ಒತ್ತಿ, ಒಳಗಿನ ಒತ್ತಡ ಕದಲದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಶ್ರುತಿ ಓಲಾಡುತ್ತದೆ. ಮೊದಲು ಡ್ರೋನ್‌ಗಳಿಗೆ ಬಿರಡೆ ಹಾಕಿ, ಒಂದೊಂದಾಗಿ ತೆರೆಯುತ್ತ ಹೋಗುವುದು ರೂಢಿ. ನುಡಿಸಿದ ನಂತರ ವಾದ್ಯವನ್ನು ಬಿಡಿಸಿ ಒಣಗಿಸುವುದನ್ನು ಮರೆಯಬೇಡಿ. ಚೀಲದ ತೇವದಲ್ಲಿ ಬೂಷ್ಟು ಬೆಳೆಯುತ್ತದೆ, ಅದನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಅಪಾಯ. ಹೀಗೆ ಬಂದಿರಬಹುದಾದ ಶ್ವಾಸಕೋಶದ ಉರಿಯೂತದಿಂದ 61 ವರ್ಷದ ಬ್ರಿಟಿಷ್ ವಾದಕರೊಬ್ಬರು ತೀರಿಕೊಂಡ ಪ್ರಕರಣವನ್ನು 2016ರಲ್ಲಿ ಅಲ್ಲಿನ ವೈದ್ಯರು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಚೀಲ ಬಂದಮೇಲೆ ಬಹುದಿನಗಳ ಒಣಕೆಮ್ಮು ಕಾಣಿಸಿಕೊಂಡರೆ, ನೀವು ಬ್ಯಾಗ್‌ಪೈಪ್ ನುಡಿಸುತ್ತೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.